ಮೂರು ಯಂತ್ರ, ಒಂದು ಮೂಗುತಿ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಉಪ್ಪಿನಕಾಯಿಯ ಗಾಜಿನ ಜಾಡಿಯೊಂದಿದೆ. ಅದರಲ್ಲಿದ್ದ ಮಾವಿನಕಾಯಿ ಮುಗಿದು ಬಹಳ ಕಾಲವಾಯಿತು. ಈಗ ಇರುವುದು ತುಕ್ಕು ಹಿಡಿದ ಮೊಳೆಗಳು, ಬಿಯರ್ ಡಬ್ಬಿಯನ್ನು ತೆರೆಯಲು ಎಳೆಯುವ ಉಂಗುರಗಳು, ಚಾಕೊಲೇಟಿನ ಬೆಳ್ಳಿಕಾಗದದ ಉಂಡೆಗಳು, ಯಾರದೋ ಕೋಟಿನ ಗುಂಡಿ, ರಾಣಿಯ ಮೂಗು ಸವೆದುಹೋದ ಒಂದು ಹಳೆಯ ಪೆನ್ನಿ, ಮತ್ತು ಯಾವ ಮಗುವೋ ಕಳೆದುಕೊಂಡು ಅತ್ತಿರಬಹುದಾದ ಆಟದ ಕಾರಿನ ಒಂದು ಚಕ್ರ. ಇಷ್ಟು ಸಂಪತ್ತನ್ನು ನೆಲದಿಂದ ಎತ್ತಲು ನಾನು ಒಂದಲ್ಲ, ಎರಡಲ್ಲ, ಮೂರು ಲೋಹಶೋಧಕ ಯಂತ್ರಗಳನ್ನು ಬಳಸಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಗು ಮುಗಿದ ಮೇಲೆ ಯಾವ ಯಂತ್ರ ಒಳ್ಳೆಯದೆಂದು ಹೇಳುತ್ತೇನೆ. ಯಾಕೆ ಕೊಂಡೆನೆಂಬುದನ್ನೂ ಹೇಳಬೇಕಾಗುತ್ತದೆ, ಅದೇ ಕಷ್ಟ.

ಯಂತ್ರಗಳನ್ನು ಹೋಲಿಸಿ ಬರೆಯುವವರು ಸಾಮಾನ್ಯವಾಗಿ ಇಂಜಿನಿಯರುಗಳು, ಮತ್ತು ನಾವಿರುವ ಈ ಇಂಗ್ಲಿಷರ ನಾಡಿನ ಕೆಂಟನ್ನಿನಲ್ಲಿ ಎದುರು ಮನೆಯಲ್ಲೊಬ್ಬ, ಪಕ್ಕದ ಮನೆಯಲ್ಲೊಬ್ಬ ಬೆಂಗಳೂರಿನ ಇಂಜಿನಿಯರು ಇದ್ದೇ ಇರುತ್ತಾರೆ. ನಾನು ಆ ಪೈಕಿ ಅಲ್ಲ. ಮೈಸೂರಿನಲ್ಲಿ ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ನನ್ನ ಪಾಲಿನ ಓದನ್ನೂ ಸೇರಿಸಿ ಓದಿದ್ದು ನನ್ನ ಅಕ್ಕ. ಅವಳು ಡಾಕ್ಟರಾಗಿ, ಇಲ್ಲಿಯ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ದುಡಿದು ನಿವೃತ್ತಳಾದಳು. ಅವಳ ಮಕ್ಕಳನ್ನು ನೋಡಿಕೊಳ್ಳಲೆಂದು ಬಂದ ನಾನು ಮದುವೆಯ ಮಾತನ್ನು ಮುಂದೂಡುತ್ತ, ಮುಂದೂಡುತ್ತ, ಮಕ್ಕಳು ಬೇರೆ ಊರು ಸೇರಿ ಭಾವ ತೀರಿಕೊಂಡ ಮೇಲೂ ಮೇಲಿನ ಪುಟ್ಟ ಕೋಣೆಯಲ್ಲಿ ಉಳಿದುಕೊಂಡೆ. ಬೆಳಗಿನ ಹೊತ್ತು ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಬಾಡಿದ ಬೆಂಡೆಕಾಯಿಯನ್ನು ಬೇರೆ ಮಾಡುವ ಉದ್ಯೋಗ. ಮಧ್ಯಾಹ್ನದ ಮೇಲೆ ಮನೆಯ ಹಿತ್ತಲು ನನ್ನ ರಾಜ್ಯ.

ವರಮಹಾಲಕ್ಷ್ಮಿ ಹಬ್ಬದಂದು ನಾವು ಕಲಶಕ್ಕೆ ಬೆಳ್ಳಿಯ ಮುಖವಾಡ ಇಟ್ಟು, ಅದರ ಮೂಗಿಗೆ ಅಮ್ಮನ ಮೂಗುತಿಯನ್ನು ಚೂರು ಮೇಣದಿಂದ ಅಂಟಿಸುತ್ತೇವೆ. ಹೆಸರುಕಾಳಿನಷ್ಟು ದೊಡ್ಡ ಮೂಗುತಿ. ಅಮ್ಮನದೆಂದು ನಮ್ಮಿಬ್ಬರ ನಡುವೆ ಉಳಿದಿದ್ದ ಒಡವೆ ಅದೊಂದೇ. ಹೋದ ವರ್ಷ ಹಬ್ಬದ ಮಾರನೆಯ ಬೆಳಿಗ್ಗೆ ಅಕ್ಕ ಮಹಡಿಯ ಮೇಲಿನಿಂದಲೇ ಕೂಗಿ ಹೇಳಿದ್ದಳು: “ಸರೂ, ಮೊದ್ಲು ಮೂಗುತಿ ತೆಗೆದಿಡು, ಆಮೇಲೆ ಹೂವು ತೆಗಿ.” ನನಗೆ ಅಂಗಡಿಗೆ ಹೊತ್ತಾಗಿತ್ತು. “ಹ್ಞೂ” ಎಂದೆ, ಹಾರವನ್ನು ಹಿಡಿದು ಎಳೆದೆ. ಮಾವಿನೆಲೆ, ಸೇವಂತಿಗೆ, ಅಕ್ಷತೆ ಎಲ್ಲವೂ ಒಂದೇ ರಾಶಿಯಾಗಿ ಬಂತು. ದೇವರ ಹೂವನ್ನು ಕೌನ್ಸಿಲ್ಲಿನ ಕಸದ ಬಿನ್ನಿಗೆ ಹಾಕಲು ನಮಗೆ ಮನಸ್ಸು ಬಾರದು. ಯಾರೂ ತುಳಿಯದ ಕಡೆ ಹಾಕಬೇಕು. ಈ ಊರಿನಲ್ಲಿ ಯಾರೂ ತುಳಿಯದ ಜಾಗವೆಂದರೆ ನಮ್ಮ ಹಿತ್ತಲ ಮೂಲೆಯ ಗೊಬ್ಬರದ ಪೆಟ್ಟಿಗೆ. ಅಲ್ಲಿಗೇ ಸುರಿದೆ. ಚಳಿಗಾಲಕ್ಕೆ ಮುಂಚೆ ಪೆಟ್ಟಿಗೆಯನ್ನು ಬುಡಮೇಲು ಮಾಡಿ, ಗೊಬ್ಬರವನ್ನು ಹಿತ್ತಲಿಗೆಲ್ಲ ಹರಡಿ, ಬೆಳ್ಳುಳ್ಳಿ ಊರಿದೆ. ಅಷ್ಟು ಸಮನಾಗಿ ಹರಡಿದ್ದಕ್ಕೆ ಅಕ್ಕ ಮೆಚ್ಚಿಕೊಂಡಿದ್ದಳು ಕೂಡ.

ದೀಪಾವಳಿಯ ಹಿಂದಿನ ದಿನ ಅಕ್ಕ ಕೇಳಿದಳು, “ಅಮ್ಮನ ಮೂಗುತಿ ಎಲ್ಲಿಟ್ಟೆ?”

ಆ ಕ್ಷಣದಲ್ಲಿ ನನಗೆ ಎಲ್ಲವೂ ಕಂಡಿತು: ಹಾರ, ಮೇಣ, ಪೆಟ್ಟಿಗೆ, ಬೆಳ್ಳುಳ್ಳಿ. ಕಂಡದ್ದನ್ನು ಹೇಳಬೇಕಾದ ಬಾಯಿ ಮಾತ್ರ ಬೇರೆಯೇ ಒಂದು ವಾಕ್ಯವನ್ನು ಸಿದ್ಧಮಾಡಿ ಇಟ್ಟುಕೊಂಡಿತ್ತು.

“ನಿನ್ ಕೈಗೇ ಕೊಟ್ಟೆನಲ್ಲ ಅಕ್ಕ!”

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು. “ಕೊಟ್ಯಾ? ಹ್ಞಾ… ಕೊಟ್ಟಿರ್ಬೇಕು,” ಎಂದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನಂಬಿಬಿಟ್ಟಳು. ನಮ್ಮ ಅಮ್ಮ ಕೊನೆಕೊನೆಗೆ ನಮ್ಮ ಹೆಸರನ್ನೂ ಮರೆತಿದ್ದಳು. ಆ ಮರೆವು ತನಗೂ ಬರುವುದೆಂಬ ಭಯ ಅಕ್ಕನ ಮನಸ್ಸಿನಲ್ಲಿ ಯಾವತ್ತೂ ಇತ್ತು. ಕಪಾಟುಗಳನ್ನೆಲ್ಲ ಹುಡುಕಿ ಸೋತ ಮೇಲೆ ಅವಳು ನಮ್ಮ ಬಡಾವಣೆಯ ಡಾಕ್ಟರಾದ ಜಿಪಿಯ ಹತ್ತಿರ ಹೋದಳು. ಜಿಪಿ ನೆನಪಿನ ಪರೀಕ್ಷೆಗೆ ಆಸ್ಪತ್ರೆಗೆ ಬರೆದುಕೊಟ್ಟರು. ಇನ್ನೊಬ್ಬರ ಅಜ್ಜ ಅಜ್ಜಿಯರಿಗೆ ಜೀವನವಿಡೀ ಅವೇ ಪ್ರಶ್ನೆಗಳನ್ನು ಕೇಳಿದ್ದ ನನ್ನಕ್ಕ ಸರದಿಗಾಗಿ ಕಾಯುತ್ತ ತನಗೆ ತಾನೇ ಅಭ್ಯಾಸ ಶುರುಮಾಡಿದಳು. ಪರೀಕ್ಷಕಿ ನಾನು. ನೂರರಿಂದ ಏಳೇಳು ಕಳೆಯುತ್ತ ಬರಬೇಕು. ಅವಳು ಗಡಗಡನೆ ಇಳಿದು ಬರುವಾಗ ಉತ್ತರ ಸರಿಯೋ ತಪ್ಪೋ ನೋಡಲು ನಾನು ಮೇಜಿನ ಕೆಳಗೆ ಬೆರಳು ಮಡಿಸುತ್ತಿದ್ದೆ. ಅವಳು ಅರವತ್ತೈದಕ್ಕೆ ಬಂದಾಗ ನಾನಿನ್ನೂ ಎಂಬತ್ತಾರರಲ್ಲಿ ಒದ್ದಾಡುತ್ತಿದ್ದೆ. “ಸರಿ ಇದೆಯೇನೇ?” ಎಂದು ಆತಂಕದಿಂದ ಕೇಳುವಳು. “ಸರಿಯಾಗಿದೆ ಅಕ್ಕ,” ಎನ್ನುವೆ. “ಲೆಕ್ಕ ಸರಿ ಇರತ್ತೆ ಕಣೇ, ನಿನ್ನೆ ಮೊನ್ನೇದು ಹೋಗತ್ತೆ. ಹಾಗೇ ಶುರುವಾಗೋದು,” ಎನ್ನುವಳು.

ನಿಜ ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಯಂತ್ರ ಕೊಂಡೆ.

ಮೊದಲನೆಯದು ಅಗ್ಗದ್ದು, ಹೆಚ್ಚುಕಡಿಮೆ ಆಟಿಕೆ. ಕೋಲು, ಕೋಲಿನ ತುದಿಗೆ ತಟ್ಟೆ, ತಟ್ಟೆಯನ್ನು ನೆಲದ ಮೇಲೆ ಆಡಿಸಿದರೆ ಕಿರುಚಾಟ. ಅದಕ್ಕೆ ಮೊಳೆಯೂ ಒಂದೇ, ಬಂಗಾರವೂ ಒಂದೇ. ಮೊದಲ ದಿನ ಅದು ಎಲ್ಲಿ ಕೂಗಿತೋ ಅಲ್ಲಿ ಮಂಡಿಯೂರಿ ಮಣ್ಣು ಕೆದಕಿದೆ, ಮತ್ತೆ ತಟ್ಟೆ ಹಿಡಿದೆ, ಮತ್ತೆ ಕೂಗಿತು. ಇನ್ನೂ ಆಳ ಅಗೆದೆ, ಇನ್ನೂ ಜೋರಾಗಿ ಕೂಗಿತು. ಹೊಂಡ ಮೊಣಕೈವರೆಗೆ ಬಂದ ಮೇಲೆ ತಿಳಿಯಿತು, ಅದು ಕೂಗುತ್ತಿದ್ದದ್ದು ನನ್ನ ಎಡಗೈಯ ಬಂಗಾರದ ಬಳೆಗಳಿಗೆ. ಬಳೆ ಹಾಕಿಕೊಂಡು ನಿಧಿ ಹುಡುಕಬಾರದೆಂದು ಯಂತ್ರದ ಜೊತೆಗೆ ಬಂದ ಕಾಗದದಲ್ಲಿ ಬರೆದಿರಲಿಲ್ಲ. ಅದನ್ನು ಬರೆದ ಪುಣ್ಯಾತ್ಮನ ಮನೆಯಲ್ಲಿ ಹೆಂಗಸರು ಯಾರೂ ಹಿತ್ತಲು ಅಗೆಯುವುದಿಲ್ಲವೆಂದು ಕಾಣುತ್ತದೆ.

“ಏನೇ ಅದು, ಚರಂಡಿ ತೋಡ್ತಿದೀಯಾ?” ಅಕ್ಕ ಬಾಗಿಲಿನಿಂದ ಕೇಳಿದಳು.

“ಹವ್ಯಾಸ ಅಕ್ಕ. ಇಲ್ಲಿ ರೋಮನ್ನರ ಕಾಲದ ನಾಣ್ಯ ಸಿಗತ್ತಂತೆ.”

“ನಮ್ಮನೆ ಬೆಳ್ಳುಳ್ಳಿ ಪಾತೀಲಿ?”

“ಅವರೂ ಬೆಳ್ಳುಳ್ಳಿ ತಿಂತಿದ್ರಲ್ಲ.”

ಎರಡನೆಯದು ನಡುಮಟ್ಟದ ಯಂತ್ರ. ಅದಕ್ಕೊಂದು ಪುಟ್ಟ ಪರದೆ. ನೆಲದಡಿ ಏನಿದೆಯೋ ಅದಕ್ಕೆ ತಕ್ಕ ಅಂಕಿ ಅದರಲ್ಲಿ ಮೂಡುತ್ತದೆ. ಇಂಥ ಅಂಕಿಯ ವಸ್ತುಗಳಿಗೆ ಕೂಗಬೇಡ ಎಂದು ಹೇಳಿಬಿಟ್ಟರೆ ಅವುಗಳ ಮೇಲೆ ಸುಮ್ಮನೆ ಹಾದುಹೋಗುತ್ತದೆ. ಮೊಳೆ ಬೇಡ, ಬೆಳ್ಳಿಕಾಗದ ಬೇಡ, ಬಿಯರ್ ಡಬ್ಬಿಯ ಉಂಗುರ ಬೇಡ ಎಂದು ಒಂದೊಂದನ್ನೇ ಬಾಯಿ ಮುಚ್ಚಿಸಿದೆ. ಆಹಾ, ಎಂಥ ಶಾಂತಿ! ಹಿತ್ತಲು ದೇವಸ್ಥಾನದ ಪ್ರಾಂಗಣದಂತಾಯಿತು. ಆ ಮೌನದಲ್ಲಿ ಕೋಲು ಆಡಿಸುತ್ತ ತಿರುಗುವಾಗ ನಾನು ದೊಡ್ಡ ಕೆಲಸವೊಂದನ್ನು ಮಾಡುತ್ತಿದ್ದೇನೆಂಬ ಹೆಮ್ಮೆಯೂ ಬಂತು. ಯಾವ ಯಂತ್ರ ಒಳ್ಳೆಯದು, ಯಾವ ತಟ್ಟೆ ಹಗುರ ಎಂದು ಹೋಲಿಸುತ್ತ ಕೂರುವುದು ತಪ್ಪಿತಸ್ಥರಿಗೆ ಬಹಳ ಹಿತವಾದ ಕಾಲಕ್ಷೇಪ. ಆಯ್ಕೆ ಮುಗಿಯುವವರೆಗೂ ಕೆಲಸ ಶುರುವಾಗುವುದಿಲ್ಲ, ಕೆಲಸ ಶುರುವಾಗುವವರೆಗೂ ಸೋತಂತೆಯೂ ಅಲ್ಲ. ಹೀಗೆ ಚಳಿಗಾಲ ಕಳೆಯಿತು, ಬೆಳ್ಳುಳ್ಳಿ ಮೊಳೆಯಿತು, ಅಕ್ಕನ ಪರೀಕ್ಷೆಯ ದಿನ ಹತ್ತಿರ ಬಂತು.

ಆಗ ಬಂದವರು ಹತ್ತಿರದ ಪಿನ್ನರ್‌ನಲ್ಲಿರುವ ಒಬ್ಬ ಡಾಕ್ಟರು. ಧಾರವಾಡದವರು, ಅಕ್ಕನ ಜೊತೆ ಕೆಲಸ ಮಾಡಿದವರು. ನಿವೃತ್ತರಾದ ಮೇಲೆ ರೈತರ ಒಪ್ಪಿಗೆ ಪಡೆದು ಅವರ ಹೊಲಗಳಲ್ಲಿ ಯಂತ್ರ ಹಿಡಿದು ತಿರುಗುವುದೇ ಅವರ ವಾರಾಂತ್ಯ. ನನ್ನ ಹವ್ಯಾಸದ ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿ ನಕ್ಕಿದ್ದಳಂತೆ. ಅವರು ಮಾತ್ರ ನಗದೆ, ತಮ್ಮ ದುಬಾರಿ ಯಂತ್ರವನ್ನು ಕಾರಿನಲ್ಲಿ ಹಾಕಿಕೊಂಡು ಬಂದೇಬಿಟ್ಟರು.

“ಏನ್ರೀ ಸರಸೂಬಾಯಿ, ಏನ ಹುಡುಕ್ಲಿಕ್ಕೆ ಹತ್ತೀರಿ?”

“ಏನೋ… ಸಣ್ಣ ಬಂಗಾರದ್ದು ಏನಾದ್ರೂ,” ಎಂದೆ, ನೆಲ ನೋಡುತ್ತ.

ನನ್ನ ಯಂತ್ರದ ಪರದೆ ನೋಡಿ ಅವರು ಹಣೆ ಬಡಿದುಕೊಂಡರು. “ಎಲ್ಲಾ ಮುಚ್ಚಿ ಇಟ್ಟೀರಲ್ರೀ! ಸಣ್ಣ ಬಂಗಾರಕ್ಕೂ ಅದಽ ಅಂಕಿ, ಚಾಕ್ಲೇಟ್ ಕಾಗದಕ್ಕೂ ಅದಽ ಅಂಕಿ. ಕಸದ ಬಾಯಿ ಮುಚ್ಚಿಸಿದ್ರ ಬಂಗಾರದ್ದೂ ಮುಚ್ಚತದ. ನೀವು ಅದರ ಮ್ಯಾಲೇ ನೂರು ಸಲ ಹಾದು ಹೋಗಿರಬೇಕು.”

ಚಳಿಗಾಲವಿಡೀ ನಾನು ಪಟ್ಟ ಶಾಂತಿಯ ಬೆಲೆ ಇಷ್ಟು. ಕಸದ ಸದ್ದು ಕೇಳಲು ಸಿದ್ಧಳಿಲ್ಲದವಳಿಗೆ ಬಂಗಾರವೂ ದಕ್ಕುವುದಿಲ್ಲವೆಂಬುದು ಯಂತ್ರದ ನಿಯಮವೋ ನನ್ನೊಬ್ಬಳ ಹಣೆಬರಹವೋ ತಿಳಿಯದೆ ನಿಂತಿದ್ದಾಗ ಅವರು ಉಪಾಯ ಹೇಳಿಕೊಟ್ಟರು. “ಎಂಥಾದ್ದು ಹುಡುಕಬೇಕೋ ಅಂಥಾದ್ದಽ ಒಂದು ದಾರಕ್ಕ ಕಟ್ಟಿ ಮಣ್ಣಾಗ ಹೂಳ್ರಿ. ಯಾವ ಮಷೀನಿಗೆ ಕೇಳ್ತದ, ಅದು ನಿಮ್ಮ ಮಷೀನು. ನಂದೂ ಇಲ್ಲೇ ಬಿಟ್ಟು ಹೋಗ್ತೀನಿ, ನೋಡ್ರಿ.”

ಅಂಥಾದ್ದು ಇನ್ನೊಂದು ಈ ಮನೆಯಲ್ಲಿದ್ದದ್ದು ಒಂದೇ ಕಡೆ, ಅಕ್ಕನ ಮೂಗಿನಲ್ಲಿ.

ಅವಳು ಅಡುಗೆಮನೆಯ ಮೇಜಿನ ಮುಂದೆ ಚಹಾ ಕುಡಿಯುತ್ತ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲೆನೆಂದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದ್ದಳು. ಮಾರನೆಯ ದಿನವೇ ಆಸ್ಪತ್ರೆಗೆ ಹೋಗಬೇಕಾಗಿತ್ತು.

“ಅಕ್ಕ, ನಿನ್ ಮೂಗುತಿ ಸ್ವಲ್ಪ ಹೊತ್ತು ಕೊಡ್ತೀಯಾ?”

“ಯಾಕೆ, ನಿನ್ ರೋಮನ್ ರಾಣಿಗೆ ಹಾಕ್ತೀಯಾ?”

ನಗುತ್ತಲೇ ತಿರುಪು ಬಿಚ್ಚಿದಳು. ಎಷ್ಟೋ ವರ್ಷಗಳಿಂದ ತೆಗೆಯದ ಮೂಗುತಿ. ಕಣ್ಣಲ್ಲಿ ನೀರು ಬರುವಷ್ಟು ನೋವಾಗಿರಬೇಕು. ನನ್ನ ಅಂಗೈಯನ್ನು ಬಿಡಿಸಿ, ಅದರ ನಡುವೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

“ನಿನ್ ಕೈಗೇ ಕೊಟ್ಟಿದೀನಿ ನೋಡು. ಸಾಯಂಕಾಲ ನಾನು ಎಲ್ಲಿಟ್ಟೆ ಅಂತ ಹುಡುಕ್ತಾ ಕೂತ್ರೆ ನೀನೇ ಹೇಳ್ಬೇಕು. ನನ್ ತಲೆ ನಂಬೋ ಹಾಗಿಲ್ಲ.”

ನನ್ನ ಮುಷ್ಟಿಯ ಮೇಲೆ ಅವಳ ಕೈ ಇನ್ನೂ ಇತ್ತು.

“ಅಕ್ಕ, ನಾನ್ ಕೊಟ್ಟಿರ್ಲಿಲ್ಲ.”

“ಏನು?”

“ಅಮ್ಮನ ಮೂಗುತಿ. ನಿನ್ ಕೈಗೆ ನಾನ್ ಕೊಡ್ಲೇ ಇಲ್ಲ. ಹೂವಿನ ಜೊತೆ ಗೊಬ್ಬರಕ್ಕೆ ಹಾಕ್ಬಿಟ್ಟೆ. ನೀನು ಕೇಳ್ದಾಗ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

ಅಕ್ಕ ಕಿಟಕಿಯಾಚೆಯ ಬೆಳ್ಳುಳ್ಳಿ ಪಾತಿಯನ್ನು ನೋಡಿದಳು. ಆಮೇಲೆ, ಯಾರೂ ಕೇಳದಿದ್ದರೂ, ನೂರು, ತೊಂಬತ್ತಮೂರು, ಎಂಬತ್ತಾರು ಎಂದು ಶುರುಮಾಡಿ ನಿಲ್ಲದೆ ಎರಡಕ್ಕೆ ಬಂದು ನಿಂತಳು. ಅಲ್ಲಿಂದ ಕೆಳಗೆ ಇಳಿಯಲು ಜಾಗವಿರಲಿಲ್ಲ, ಅತ್ತಳು. ಅಮ್ಮನ ಮೂಗುತಿಗಾಗಿ ಅಳುತ್ತಿದ್ದಾಳೆಂದು ನಾನು ತಿಳಿದೆ.

“ಮೂಗುತಿ ಹೋಗ್ಲಿ ಕಣೇ,” ಎಂದಳು ಕೊನೆಗೆ. “ನೀನು ಹೇಳಿದೆ ಅಂತ ನಾನು ನನ್ನ ತಲೇನೇ ಬಿಟ್ಕೊಟ್ಟೆನಲ್ಲೇ, ಹುಚ್ಚೀ.”

ಆಸ್ಪತ್ರೆಗೆ ಅವಳೇ ಫೋನ್ ಮಾಡಿ, ಬರುವುದಿಲ್ಲ, ತಂಗಿಯದು ತಪ್ಪಾಗಿತ್ತು ಎಂದಳು. ಆ ಕಡೆಯವರು ಅದನ್ನು ಏನೆಂದು ಅರ್ಥ ಮಾಡಿಕೊಂಡರೋ!

ಇನ್ನು ಯಂತ್ರದ ಮಾತು. ಅಕ್ಕನ ಮೂಗುತಿಗೆ ದಾರ ಕಟ್ಟಿ ಹೂತು ನೋಡಿದೆವು. ದಾರದ ತುದಿ ಹಿಡಿದು ನಿಂತವಳು ಅಕ್ಕ, ನನ್ನ ಕೈಗೆ ಅದನ್ನು ಕೊಡಲಿಲ್ಲ. ಎಲ್ಲಕ್ಕೂ ಕೂಗುತ್ತಿದ್ದ ಅಗ್ಗದ ಯಂತ್ರ ಅದರ ಮೇಲೆ ಮಾತ್ರ ಮೂಕವಾಯಿತು. ನಡುಮಟ್ಟದ್ದು, ಬಾಯಿ ಮುಚ್ಚಿಸಿದ್ದನ್ನೆಲ್ಲ ಬಿಚ್ಚಿದ ಮೇಲೆ, ಮೇಲುಮಣ್ಣಿನಲ್ಲಿದ್ದರೆ ಗುರುತಿಸಿತು. ಡಾಕ್ಟರದ್ದು ಗೇಣುದ್ದದ ಅರ್ಧದಷ್ಟು ಆಳದಿಂದಲೂ ಕೇಳಿಸಿಕೊಂಡಿತು, ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ನಿದ್ದೆಯಲ್ಲಿರುವ ಮಗುವಿನ ಉಸಿರಿನಷ್ಟು ಸಣ್ಣ ದನಿ. ಸಣ್ಣ ಬಂಗಾರ ಹುಡುಕುವವರಿಗೆ ನನ್ನ ಸಲಹೆ ಅದೇ: ಒಳ್ಳೆಯದನ್ನೇ ಎರವಲು ತನ್ನಿ, ಏನನ್ನೂ ಬಾಯಿ ಮುಚ್ಚಿಸಬೇಡಿ, ಬಳೆ ತೆಗೆದಿಡಿ. ಯಂತ್ರಕ್ಕಿಂತ ಮೊದಲು ಬಾಯಿ ತೆರೆದಿದ್ದರೆ ಗೊಬ್ಬರ ಹರಡಿದ ಹೊಸದರಲ್ಲೇ ಮೇಲುಮಣ್ಣಿಗೆ ಜರಡಿ ಹಿಡಿಯಬಹುದಾಗಿತ್ತು ಎಂಬುದನ್ನು ಯಾವ ಹೋಲಿಕೆಯೂ ನಿಮಗೆ ಹೇಳುವುದಿಲ್ಲ.

ಅಮ್ಮನ ಮೂಗುತಿ ಇನ್ನೂ ಸಿಕ್ಕಿಲ್ಲ. ಅಕ್ಕ ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ, ತಮಾಷೆ ಮಾಡುತ್ತಾಳೆ. ಆದರೆ ಒಲೆ ಆರಿಸಿದ್ದೇನೆ ಎಂದರೆ ಎದ್ದು ಹೋಗಿ ನೋಡುತ್ತಾಳೆ, ಬಾಗಿಲು ಹಾಕಿದ್ದೇನೆ ಎಂದರೆ ಚಿಲಕ ಮುಟ್ಟಿ ನೋಡುತ್ತಾಳೆ. ಬಿಟ್ಟುಕೊಟ್ಟ ತಲೆಯನ್ನು ಅವಳು ವಾಪಸು ತೆಗೆದುಕೊಂಡಿದ್ದಾಳೆ. ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ.

ಸಂಜೆ ಬಿಸಿಲಿದ್ದರೆ ಇಬ್ಬರೂ ಹಿತ್ತಲಿಗೆ ಇಳಿಯುತ್ತೇವೆ. ಯಂತ್ರ ದನಿ ತೆಗೆದ ಕಡೆಯೆಲ್ಲ ಅಗೆಯುತ್ತೇನೆ; ಮೊಳೆ ಬರುತ್ತದೆ, ಕಾಗದದ ಉಂಡೆ ಬರುತ್ತದೆ. ಜಾಡಿ ಕತ್ತಿನವರೆಗೆ ತುಂಬಿದೆ. ಆದರೂ ಯಾವುದನ್ನೂ ನಾನೇ ಅದಕ್ಕೆ ಹಾಕುವುದಿಲ್ಲ. ಮಣ್ಣು ಒರೆಸಿ, ಅಕ್ಕನ ಅಂಗೈ ಬಿಡಿಸಿ, ಅದರಲ್ಲಿ ಇಡುತ್ತೇನೆ. ಅವಳು ಕನ್ನಡಕ ಮೇಲೇರಿಸಿ, ತಿರುಗಿಸಿ ನೋಡಿ, ಅಲ್ಲ ಎಂದು ತಲೆಯಾಡಿಸಿ, ತಾನೇ ಜಾಡಿಗೆ ಹಾಕುತ್ತಾಳೆ. ತುಕ್ಕು ಮೊಳೆಯಾದರೇನು, ಅದನ್ನು ಅವಳ ಕೈಗೇ ಕೊಟ್ಟಿರುತ್ತೇನೆ.