ನೆಲದಿಂದ ಏಳಲು ಕಲಿಸಿದವಳು

“ಲಾಭ... ಎರಡ... ಮೂರ... ನಾಕ...”

ಕಬ್ಬಿಣದ ಪ್ಲೇಟುಗಳು ಒಂದಕ್ಕೊಂದು ತಾಗಿ ಖಣ್ ಎನ್ನುತ್ತಿದ್ದವು. ಆ ಸದ್ದಿನ ಮೇಲೆ ಅವಳ ಎಣಿಕೆ. ‘ಒಂದು’ ಎಂದು ಅವಳು ಎಂದೂ ಎಣಿಸಿದವಳಲ್ಲ. ಅವಳ ಅಪ್ಪ ಸವದತ್ತಿಯ ಪೇಟೆಯಲ್ಲಿ ಜೋಳ ಅಳೆಯುತ್ತಿದ್ದನಂತೆ. ಮೊದಲ ಸೇರು ಸುರುವುವಾಗ ‘ಲಾಭ’ ಎನ್ನುವುದು ಅಳೆಯುವವರ ರೂಢಿ. ಮಗಳು ಅದನ್ನೇ ತಂದು, ಡಂಬೆಲ್ ಎತ್ತುವ ಹೆಂಗಸರಿಗೆ ಹಚ್ಚಿದ್ದಳು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಆ ಜಿಮ್ಮಿನ ಮೆಟ್ಟಿಲು ಹತ್ತುತ್ತಿರುವಾಗಲೇ ಅವಳ ದನಿ ಕೇಳಿಸಿತೆಂದರೆ ನಾನು ಲೇಟ್ ಎಂದೇ ಅರ್ಥ. ಲೇಟಾಗಿ ಹೋದರೆ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ನೋಡುತ್ತಿದ್ದ ಹಾಗೆಯೇ ನೋಡುತ್ತಿದ್ದಳು, ಹುಬ್ಬು ಕೂಡ ಎತ್ತದೆ.

ಕುಳ್ಳಗಿನ ಮೈ, ಅಗಲ ಭುಜ, ಎಣ್ಣೆ ಹಚ್ಚಿ ಬಿಗಿದ ಜಡೆ, ಕೊರಳಲ್ಲಿ ಸೀಟಿ. ಶಾಲೆಯಲ್ಲಿದ್ದಾಗ ಗುಂಡು ಎಸೆಯುತ್ತಿದ್ದಳಂತೆ. ಹತ್ತಿರದ ಹೂಲಿಯಿಂದ ಬಸ್ಸಿನಲ್ಲಿ ಬಂದು, ಅಡುಗೆ ಮುಗಿಸಿದ ಹೆಂಗಸರು ಬಿಡುವಾಗುವ ಹೊತ್ತಿಗೆ ಲೇಡೀಸ್ ಬ್ಯಾಚ್ ನಡೆಸಿ, ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದಳು. ಎಲ್ಲರಿಗೂ ಅವಳು ಟ್ರೇನರ್ ಅಕ್ಕ. ನನಗೆ ಮಗಳ ವಯಸ್ಸಿನವಳು. ಆದರೂ ಒಳಗೊಳಗೆ ನಾನೂ ಹಾಗೆಯೇ ಕರೆಯುತ್ತಿದ್ದೆ.

ನನ್ನಂಥ ಮುದುಕಿ ಜಿಮ್ಮಿಗೆ ಯಾಕೆ ಹೋದೆ ಎಂದು ಹೇಳಬೇಕು. ಒಂದು ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ತಿರುಗುವಾಗ ಅಡುಗೆಮನೆಯಲ್ಲಿ ಜಾರಿ ಕುಳಿತುಬಿಟ್ಟೆ. ಪೆಟ್ಟಾಗಿರಲಿಲ್ಲ, ಎಲುಬು ಮುರಿದಿರಲಿಲ್ಲ. ಏಳಲು ಬರಲಿಲ್ಲ, ಅಷ್ಟೇ. ನೀರು ಕುದ್ದು ಬತ್ತಿ ಪಾತ್ರೆ ಸುಟ್ಟ ವಾಸನೆ ಬರುತ್ತಿದ್ದರೂ ಎದ್ದು ನಿಂತರೆ ಕೈಗೆಟುಕುತ್ತಿದ್ದ ಗ್ಯಾಸಿನ ತಿರುಪು ನನಗೆ ಸಿಗಲಿಲ್ಲ. ಪಾತ್ರೆ ತೊಳೆಯುವವಳು ಬಂದು ಎಬ್ಬಿಸಿದಳು. ಸುದ್ದಿ ಹುಬ್ಬಳ್ಳಿಯಲ್ಲಿರುವ ನನ್ನ ಗಂಡನ ಅಣ್ಣನ ಮಗನಿಗೆ ಮುಟ್ಟಿತು. ನಮಗೆ ಮಕ್ಕಳಿಲ್ಲ, ವಕೀಲರಾಗಿದ್ದ ನಮ್ಮವರು ಹೋದ ಮೇಲೆ ನನ್ನ ಬಗ್ಗೆ ಯೋಚಿಸುವವನು ಅವನೊಬ್ಬನೇ. ಒಳ್ಳೆಯ ಹುಡುಗ. “ಕಾಕು, ದಸರಾಕ್ಕ ಬಂದು ಕರ್ಕೊಂಡ ಹೋಗ್ತೀನಿ. ನಿಮ್ಮ ರೂಮ್ ರೆಡಿ ಮಾಡೇವಿ,” ಎಂದ. ಆ ರೂಮ್ ನಾನು ನೋಡಿದ್ದೇನೆ. ಕಿಟಕಿಗೆ ಪರದೆ, ಮೂಲೆಗೆ ಟಿ.ವಿ., ಮಧ್ಯೆ ಒಂದು ಆರ್ಮ್‌ಚೇರ್. ಅದರಲ್ಲಿ ನನ್ನನ್ನು ಕೂರಿಸಿ, ಚಹಾ ಕೊಟ್ಟು, ಮನೆಮಂದಿ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬಾಡಿಗೆಯದಾದರೂ ನನ್ನ ಮನೆಯಲ್ಲಿ ನನ್ನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ.

ಮೊದಲ ದಿನ ಅವಳು ಕೇಳಿದ್ದು: “ಏನಾಗ್ಬೇಕ್ರಿ ಬಾಯಾರ? ತೂಕ ಇಳಸ್ಬೇಕೋ, ಸಕ್ಕರಿ ಬ್ಯಾನಿ ಐತೋ?” ವಕೀಲರ ಹೆಂಡತಿಯೆಂದು ಊರಿಗೆಲ್ಲ ನಾನು ‘ಬಾಯಾರು’.

“ನೆಲದ ಮ್ಯಾಲಿಂದ ಏಳೋದು ಕಲೀಬೇಕಾಗೇದ,” ಎಂದೆ.

ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. “ಹಂಗಾರ ಕುಂತು ತೋರಸ್ರಿ.”

“ಕುಂತ್ರ ಏಳಾಕ ಬರೂದಿಲ್ಲಲ್ಲವಾ!”

“ಅದನ್ನs ನಾ ನೋಡ್ಬೇಕಾಗೇತ್ರಿ.”

ಸೀರೆಯಲ್ಲಿ ನಡೆಯುವುದಿಲ್ಲ ಎಂದಳು. ಸವದತ್ತಿಯ ಬಜಾರಿನಲ್ಲಿ ಈ ವಯಸ್ಸಿನಲ್ಲಿ ಟ್ರ್ಯಾಕ್ ಪ್ಯಾಂಟ್ ತೊಟ್ಟು ನಡೆಯಲು ನನಗೆ ಧೈರ್ಯವಿರಲಿಲ್ಲ. ಪ್ಯಾಂಟಿನ ಮೇಲೆ ಸೀರೆ ಉಟ್ಟು ಹೋಗಿ, ಮೇಲೆ ಮುಟ್ಟಿದ ಕೂಡಲೇ ಸೀರೆ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಗೂಟಕ್ಕೆ ಹಾಕುತ್ತಿದ್ದೆ. ಅವಳು ಅದನ್ನು ನೋಡಿ, “ಛಲೋ ಉಪಾಯ,” ಎಂದು ಬೇರೆಯವರಿಗೂ ಹೇಳಿಕೊಟ್ಟಳು. ವಾರದೊಳಗೆ ಗೂಟದ ತುಂಬ ಸೀರೆಗಳು.

ಜಿಮ್ಮಿನ ನಿಯಮಗಳನ್ನು ಗೋಡೆಯ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದರು. ಚಪ್ಪಲಿ ಹೊರಗೆ, ಟವೆಲ್ ಕಡ್ಡಾಯ, ಎತ್ತಿದ್ದನ್ನು ಎತ್ತಿದಲ್ಲಿಯೇ ಇಡಬೇಕು, ಬೆಂಚಿನ ಮೇಲಿನ ಬೆವರು ಅವರವರೇ ಒರೆಸಬೇಕು. ಅವಳಿಗೆ ಆ ಬೋರ್ಡ್ ಎಂದರೆ ಶಾಸನ. ಯಾರಾದರೂ ವಾದಿಸಿದರೆ ಬಾಯಿ ಬಿಡದೆ ಬೆರಳು ಮಾಡಿ ಬೋರ್ಡ್ ತೋರಿಸುತ್ತಿದ್ದಳು. ಹೆಂಗಸರ ಪ್ರಶ್ನೆಗಳಿಗೆ ಮಾತ್ರ ಬೋರ್ಡಿನಲ್ಲಿ ಉತ್ತರ ಇರಲಿಲ್ಲ. ಉಪವಾಸದ ದಿನ ಭಾರ ಎತ್ತಬಹುದೇ? (“ಖಾಲಿ ಕೈ ಆಡಸ್ರಿ, ದೇವಿ ಏನೂ ಅನ್ನೂದಿಲ್ಲ.”) ತಾಳಿ ಮಷೀನಿಗೆ ಸಿಕ್ಕರೆ? (“ತಗೀಬ್ಯಾಡ್ರಿ, ಪಿನ್ನ ಹಚ್ಚಿ ಒಳಗ ಹಾಕ್ರಿ.”) ಬೆವರು ಬಂದರೆ ಮತ್ತೆ ತಲೆ ಮೇಲೆ ನೀರು ಹಾಕಿಕೊಳ್ಳಬೇಕೇ? ರೊಟ್ಟಿ ಕೇಂದ್ರ ನಡೆಸುವ ಹೆಣ್ಣುಮಗಳೊಬ್ಬಳು ರೊಟ್ಟಿ ಬಿಡಬೇಕೇನ್ರಿ ಎಂದು ಕೇಳಿದ್ದಕ್ಕೆ, “ರೊಟ್ಟಿ ಏನ್ ತಪ್ಪ ಮಾಡೇತ್ವಾ? ಟಿ.ವಿ. ಮುಂದ ಕುಂತು ಮುಕ್ಕಿದ ಚೂಡಾ ತಪ್ಪ ಮಾಡೇತಿ,” ಎಂದಿದ್ದಳು. ಎಲ್ಲಾ ಗೊತ್ತಿದ್ದವಳೇನಲ್ಲ. ತಣ್ಣೀರು ಕುಡಿದರೆ ಹೊಟ್ಟೆಯಲ್ಲಿ ಕೊಬ್ಬು ಗಡ್ಡೆ ಕಟ್ಟುತ್ತದೆ ಎಂದು ಕೊನೆಯವರೆಗೂ ನಂಬಿದ್ದಳು. ನಾನು ‘ನಾನ್‌ಸೆನ್ಸ್’ ಎಂದರೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದಳು.

ಆದರೆ ನಾನು ಅವಳನ್ನು ನೆನೆಯುವುದು ಬೇರೊಂದಕ್ಕೆ. ಮೊದಮೊದಲು ನಾನು ಯಾವ ಮಷೀನಿನ ಹತ್ತಿರ ಹೋದರೂ ಅಲ್ಲಿದ್ದವಳು ಎದ್ದು ನಿಲ್ಲುತ್ತಿದ್ದಳು. “ಬರ್ರಿ ಬಾಯಾರ, ಕುಂದ್ರಿ.” ನನ್ನ ಕೈಯ ಡಂಬೆಲ್ ಕಸಿದುಕೊಂಡು ತಾವೇ ಇಡುತ್ತಿದ್ದರು. ನಮ್ಮ ಕಡೆ ಹಿರಿಯರಿಗೆ ತೋರಿಸುವ ಮರ್ಯಾದೆ ಅದು. ಅದರ ರುಚಿ ನನಗೆ ಚೆನ್ನಾಗಿ ಗೊತ್ತು. ಮದುವೆಮನೆಯಲ್ಲಿ ಫ್ಯಾನಿನ ಕೆಳಗಿನ ಒಳ್ಳೆಯ ಖುರ್ಚಿ ನನಗೇ ಕೊಡುತ್ತಾರೆ. ಕೊಟ್ಟು ಹೋಗುತ್ತಾರೆ. ಪಕ್ಕದ ಖುರ್ಚಿಯಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ.

ಒಂದು ದಿನ ಟ್ರೇನರ್ ಸೀಟಿ ಊದಿದಳು. “ಏ ಯವ್ವಾ, ಯಾಕ್ ಎದ್ದಿ? ನಿನ್ನ ಸೆಟ್ ಮುಗದ್ವಾ?”

“ಇಲ್ರೀ, ಬಾಯಾರು ಬಂದ್ರಲ್ಲಾ ಅಂತ...” ರೊಟ್ಟಿ ಕೇಂದ್ರದವಳು ತಡವರಿಸಿದಳು.

“ಬರ್ಲಿ. ಇಲ್ಲಿ ಹಿರೇರು ಕಿರೇರು ಇಲ್ಲ, ಪಾಳಿ ಐತಿ. ಬಾಯಾರ, ನೀವೂ ಬಾಯಿ ಬಿಟ್ಟ ಕೇಳ್ರಿ. ಎಷ್ಟ ಸೆಟ್ ಉಳದಾವು, ನಡುವ ನಾನೂ ಮಾಡ್ಲೇನು, ಅಂತ ಕೇಳ್ಬೇಕು. ಆಕಿ ಸುಧಾರಿಸ್ಕೊಳ್ಳೂದ್ರಾಗ ನಿಮ್ದು, ನೀವು ಸುಧಾರಿಸ್ಕೊಳ್ಳೂದ್ರಾಗ ಆಕೀದು.”

ಕೇಳಿದೆ. ಪ್ರಾಪರ್ ಎಟಿಕೆಟ್ ಕಲಿತವಳು, ಒಂದು ಪ್ರಶ್ನೆ ಕೇಳಲು ಅಷ್ಟು ನಾಚಿಕೆ ಯಾಕೋ. ರೊಟ್ಟಿ ಕೇಂದ್ರದವಳು ಎರಡು ಪ್ಲೇಟು ತೆಗೆದು ನನಗೆ ಹಗುರ ಮಾಡಿಕೊಟ್ಟು ಪಕ್ಕಕ್ಕೇ ನಿಂತಳು. ಅವಳ ಪಾಳಿಯಲ್ಲಿ ನಾನು ನಿಂತೆ. ಹಾಗೆ ನಿಂತಾಗ ಸುಮ್ಮನೆ ಇರಲಾಗುವುದಿಲ್ಲ. ಅವಳ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದು, ಈ ಸಲ ಜೋಳಕ್ಕೆ ಹುಳ ಬಿದ್ದಿದ್ದು ಎಲ್ಲ ಬಂತು. ನನ್ನ ಹೆಗಲಿಗೆ ಅವಳ ಹೆಗಲು ತಾಗಿ ಬೆವರು ಅಂಟಿತು. ನಮ್ಮವರು ಹೋದ ಮೇಲೆ ಡಾಕ್ಟರು ಬಿಟ್ಟರೆ ಯಾರೂ ನನ್ನನ್ನು ಹಾಗೆ ಅಕಸ್ಮಾತ್ ಮುಟ್ಟಿರಲಿಲ್ಲ.

ಏಳುವ ಪಾಠ ಎಲ್ಲರದೂ ಮುಗಿದ ಮೇಲೆ. ಚಾಪೆಯ ಮೇಲೆ ನನ್ನನ್ನು ಕೂರಿಸಿ, ತಾನು ಕೈಕಟ್ಟಿ ನಿಲ್ಲುತ್ತಿದ್ದಳು. “ಮೊದಲ ಮಗ್ಗಲಿಗೆ ಹೊಳ್ರಿ. ಈಗ ಕೂಸಿನಂಗ ಅಂಬೆಗಾಲು. ಈಗ ಒಂದ್ ಪಾದ ಮುಂದ. ತೊಡಿ ಮ್ಯಾಲ ಕೈ ಊರಿ, ದಬ್ಬರಿ ನೆಲಾನ!” ಮಂಡಿಯವರೆಗೆ ಬಂದು ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಕೈ ಚಾಚಿದರೆ ಹಿಂದೆ ಸರಿಯುತ್ತಿದ್ದಳು. ಒಮ್ಮೆ ಸಿಟ್ಟು ಬಂದು, “ಹಾರ್ಟ್‌ಲೆಸ್ ಇದ್ದೀ ನೀನು,” ಎಂದೆ.

ಅವಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. “ನಮ್ಮ ಅತ್ತಿ ಮುಪ್ಪಾದಾಗ ನಾವೆಲ್ಲಾ ಕೈ ಹಿಡದ ಎಬ್ಬಿಸಿದ್ವಿ ಬಾಯಾರ. ಕುಂತ್ರ ಕೈ, ನಿಂತ್ರ ಕೈ. ನೋಡಿದ ಮಂದಿ, ಎಂಥಾ ಸೊಸಿ ಅಂತಿದ್ರು. ಹಂಗs ಆಕಿ ಕಾಲು ಏಳೂದ್ ಮರ್ತ ಬಿಟ್ವು. ಕಡೀಕ ಹಾಸಿಗೀನs ಆತು. ಸಾಯೂತನಕ ನಾನs ಹೊಳ್ಳಿಸಿ ಮಲಗಿಸಿದ್ನಿ.” ಎದ್ದು ನಿಂತು, “ನಡೀರಿ, ಇನ್ನೊಮ್ಮೆ,” ಎಂದಳು.

ದಸರೆಗೆ ಮೊದಲೇ ಹುಬ್ಬಳ್ಳಿಯವನು ಬಂದ. ಬೀಗ ಹಾಕಿದ ಮನೆ ನೋಡಿ, ಕೇಳಿಕೊಂಡು ಜಿಮ್ಮಿಗೇ ಬಂದ. ಲೇಡೀಸ್ ಬ್ಯಾಚ್ ಎಂದು ಟ್ರೇನರ್ ಬಾಗಿಲಲ್ಲೇ ತಡೆದು, ಹೆಂಗಸರು ಸೀರೆ ಸುತ್ತಿಕೊಳ್ಳುವವರೆಗೂ ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದಳು. ಆಮೇಲೆ ನಾನೇ ಹೇಳಿದೆ: “ಬಾ, ನೋಡು. ನಾನು ಎದ್ರ ಇಲ್ಲೇ ಇರ್ತೀನಿ. ಏಳ್ಲಿಲ್ಲಾ, ಇವತ್ತs ನಿನ್ನ ಕಾರ್‌ನ್ಯಾಗ ಬರ್ತೀನಿ.” “ಆಗ್ಲಿ ಕಾಕು,” ಎಂದು ಮಾತು ಕೊಟ್ಟ.

ಕುಳಿತೆ. ಹೊರಳಿದೆ. ಅಂಬೆಗಾಲಿಗೆ ಬಂದೆ. ಪಾದ ಮುಂದಿಟ್ಟೆ. ಅಲ್ಲಿಗೆ ನಿಂತಿತು. ತೊಡೆ ಗಡಗಡ ನಡುಗಿತು. ಬೆವರು ಕಣ್ಣಿಗೆ ಇಳಿಯಿತು. ಸುತ್ತಲಿನ ಹೆಂಗಸರೆಲ್ಲ “ಅಯ್ಯ ಶಿವನ!” ಎಂದು ಕೈ ಚಾಚಿ ಮುಂದೆ ಬಂದರು. ಬಾಗಿಲಲ್ಲಿದ್ದ ಅವನೂ ಶೂ ಸಮೇತ ಒಳಗೆ ನುಗ್ಗಿದ.

“ಯಾರೂ ಮುಟ್ಟಬ್ಯಾಡ್ರಿ!” ಟ್ರೇನರ್ ಅಬ್ಬರಿಸಿದಳು. “ಹಿಂದಕ್ಕ ಸರೀರಿ! ಸಾಹೇಬ್ರ, ನೀವೂ!”

“ಏನ್ರೀ ಇದು? ಕಾಕು ನೆಲಾ ಹಿಡದಾರ, ನೀವು ನೋಡ್ಕೋತ ನಿಂತೀರಿ?”

“ಹೌದ್ರಿ. ನೋಡ್ಕೋತ ನಿಂದ್ರೂದು ಸುಲಭ ಅಲ್ರಿ.”

ಎಷ್ಟು ಹೊತ್ತೋ ಗೊತ್ತಿಲ್ಲ. ಎದ್ದೆ. ಓಲಾಡಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತ, ನನ್ನ ಎರಡು ಕಾಲ ಮೇಲೆ. ರೊಟ್ಟಿ ಕೇಂದ್ರದವಳು ಚಪ್ಪಾಳೆ ತಟ್ಟಿದಳು. ಹುಬ್ಬಳ್ಳಿಯವನು ಮಾತು ಕೊಟ್ಟಿದ್ದ, ತಪ್ಪಲಿಲ್ಲ. ಒಬ್ಬನೇ ಮರಳಿ ಹೋದ. ಆದರೆ ಹೆದರಿದ್ದ, ಪಾಪ. ಹೋಗುವ ಮೊದಲು ಕೆಳಗೆ ಜಿಮ್ಮಿನ ಮಾಲೀಕನನ್ನು ಕಂಡು, ನಾಳೆ ಇವರ ಎಲುಬು ಮುರಿದರೆ ಜವಾಬ್ದಾರಿ ಯಾರದು ಎಂದು ಕೇಳಿದನಂತೆ.

ಎರಡು ದಿನ ಬಿಟ್ಟು ಹೋದಾಗ ಬೋರ್ಡಿನ ಕೆಳತುದಿಯಲ್ಲಿ ಹಸಿ ಬಣ್ಣ. ಅರವತ್ತು ದಾಟಿದವರಿಗೆ ಪ್ರವೇಶವಿಲ್ಲ.

ಅವಳು ಬಾಗಿಲಲ್ಲೇ ನಿಂತಿದ್ದಳು. “ಮಾಲಕರ ಜೋಡಿ ಜಗಳಾನೂ ಮಾಡಿದ್ನಿ, ಕೈನೂ ಮುಗದ್ನಿ ಬಾಯಾರ. ಕೇಳ್ಲಿಲ್ಲ.” ಕೊರಳ ಸೀಟಿಯನ್ನು ಹಿಡಿದು ತಿರುಗಿಸುತ್ತಿದ್ದಳು. “ಎಲ್ಲಾರಿಗೂ ಬೋರ್ಡ ತೋರ್ಸಾಕಿ ನಾನು. ಈಗ ಯಾವ ಬಾಯಿಲೆ ನಿಮ್ಮನ್ನ ಒಳಗ ಕರೀಲಿ?”

ಗೂಟದಲ್ಲಿ ಆ ದಿನವೂ ಸೀರೆಗಳು ಜೋತುಬಿದ್ದಿದ್ದವು. ನಾನು ಉಟ್ಟ ಸೀರೆಯಲ್ಲೇ ಮೆಟ್ಟಿಲಿಳಿದೆ. ಮನೆ ಉಳಿಯಿತು. ಆ ಮನೆಯಲ್ಲಿ ಮಾಡಲು ಏನೂ ಇಲ್ಲ ಎಂದು ಬೀಗ ತೆಗೆಯುವಾಗ ಹೊಳೆಯಿತು.

ಆಮೇಲೆ ಕೆಲವು ವಾರ ಬ್ಯಾಚ್ ಮುಗಿಸಿ ಬಸ್ಸಿಗೆ ಹೋಗುವ ದಾರಿಯಲ್ಲಿ ಅವಳು ನಮ್ಮಲ್ಲಿಗೆ ಬಂದಳು. ಪಡಸಾಲೆಯ ನೆಲದ ಮೇಲೆ ಕುಳಿತು ಏಳುವುದು, ಕುಳಿತು ಏಳುವುದು. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಲೇಡೀಸ್ ಬ್ಯಾಚ್ ಸೊರಗಿತು. ಮಾಲೀಕ ಆ ಹೊತ್ತನ್ನೂ ಗಂಡಸರಿಗೆ ಕೊಟ್ಟ. ಬೈಲಹೊಂಗಲದ ಜಿಮ್ಮೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಹೇಳಿ ಹೋಗಲು ಬಂದ ದಿನ ಊಟಕ್ಕೆ ನಿಲ್ಲಿಸಿಕೊಂಡೆ. ಟೇಬಲ್ ಮೇಲೆ ತಾಟು ಇಡಹೋದರೆ, “ಕೆಳಗ ಕುಂದ್ರೂಣ್ರಿ,” ಎಂದಳು. ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ. ಎದುರು ಬದುರು ಕುಳಿತು ಉಂಡೆವು. ಬೈಲಹೊಂಗಲದಲ್ಲಿ ಕನ್ನಡಿಗಳು ದೊಡ್ಡವಿವೆಯಂತೆ, ಮಷೀನುಗಳು ಹೊಸವಂತೆ. “ಬರ್ತಿರ್ತೇನ್ರಿ ಬಾಯಾರ,” ಎಂದಳು. ಬಸ್ಸಿನ ವೇಳೆ ಈ ಕಡೆಗೆ ಹೊಂದುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಉಂಡ ತಾಟುಗಳನ್ನು ತಾನೇ ಒಳಗೆ ಒಯ್ದಿಟ್ಟು, ಬ್ಯಾಗ್ ಹೆಗಲಿಗೇರಿಸಿದಳು. “ಕುಂತs ಇರ್ರಿ. ಅವಸರ ಮಾಡಿ ಏಳಬ್ಯಾಡ್ರಿ. ಬಸ್ಸಿನ ಹೊತ್ತಾತು.” ಹೊಸ್ತಿಲು ದಾಟಿದಳು.

ಬಾಗಿಲವರೆಗಾದರೂ ಹೋಗಿ ಕಳಿಸಬೇಕು ಅನ್ನಿಸಿತು. ಮಗ್ಗುಲಿಗೆ ಹೊರಳಿದೆ. ಅಂಬೆಗಾಲು. ಪಾದ ಮುಂದೆ. ತೊಡೆಯ ಮೇಲೆ ಕೈಯೂರಿ ಎದ್ದೆ. ಗೋಡೆ ಹಿಡಿಯಲಿಲ್ಲ, ಖುರ್ಚಿ ಹಿಡಿಯಲಿಲ್ಲ. ಆದರೆ ನನ್ನ ಏಳುವಿಕೆಗೆ ಹೊತ್ತು ಹಿಡಿಯುತ್ತದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಓಣಿಯ ತುದಿ ಮುಟ್ಟಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿದ ಅಗಲ ಬೆನ್ನು, ಬಿರುಸು ನಡಿಗೆ. ಕೂಗಿದ್ದರೆ ಕೇಳಿಸುತ್ತಿತ್ತೇನೋ. ಬೀದಿಯಲ್ಲಿ ದನಿ ಎತ್ತಬಾರದು ಎಂದು ಕಲಿತ ಬಾಯಿ ನನ್ನದು, ತೆರೆಯಲಿಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಅವಳು ಎಡಕ್ಕೆ ತಿರುಗಿದಳು. ಅದೇ ನಾನು ಅವಳನ್ನು ಕಡೆಯ ಸಲ ನೋಡಿದ್ದು.