ಪೆನ್ಸಿಲ್ಲಿನ ಮೂವತ್ನಾಲ್ಕು

ಅಪ್ಪನ ಮಾರ್ಕುಗಳು ಕೆಂಪು ಶಾಯಿಯಲ್ಲಿ ಇರುತ್ತಿದ್ದವು, ಅಮ್ಮನವು ಪೆನ್ಸಿಲ್ಲಿನಲ್ಲಿ. ಇನ್ನೂರು ಪುಟದ ಆ ನೋಟ್‌ಬುಕ್ಕಿನಲ್ಲಿ ಅಮ್ಮನ ಮಾರ್ಕು ಬರುವ ಕಡೆಯಲ್ಲೆಲ್ಲ ಕಾಗದ ಸವೆದು ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಹಿಂಬದಿಯ ಅಕ್ಷರ ಕಾಣುತ್ತಿತ್ತು. ಅಲ್ಲಿ ರಬ್ಬರು ಉಜ್ಜುತ್ತಿದ್ದವಳು ನಾನೇ.

ಆಗೆಲ್ಲ ನಮ್ಮ ಮಧುಗಿರಿಯಲ್ಲಿ ಬೇಸಿಗೆ ಬಂತೆಂದರೆ ಕರೆಂಟು ತನಗಿಷ್ಟ ಬಂದಾಗ ಬಂದು ಹೋಗುತ್ತಿತ್ತು. ಬೆಟ್ಟದ ಬಂಡೆ ಮಧ್ಯಾಹ್ನಕ್ಕೇ ಕಾದು ಸಂಜೆಯವರೆಗೂ ಊರಿನ ಮೇಲೆ ಬಿಸಿ ಉಗುಳುತ್ತಿತ್ತು. ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ ಎಂದರೆ ಬೀದಿಯ ಮಕ್ಕಳು ನಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತಿದ್ದ ಕಾಲ. ನಮ್ಮ ಮನೆಗೂ ಒಂದು ಬಂತು. ಆದರೆ ಒಂದು ಭಾನುವಾರ ನೋಡಲು ಬಂದ ಮಕ್ಕಳು ಮತ್ತೆ ಬರಲಿಲ್ಲ. ನಮ್ಮಲ್ಲಿ ಓಡುತ್ತಿದ್ದದ್ದು ಕಪ್ಪುಬಿಳುಪಿನ ಹಳೆಯ ಹಾಲಿವುಡ್ ಸಿನಿಮಾಗಳು. ಫೈಟಿಂಗ್ ಇಲ್ಲ, ಡ್ಯಾನ್ಸ್ ಇಲ್ಲ, ಟೋಪಿ ಹಾಕಿದ ಗಂಡಸರು ಸಿಗರೇಟು ಹಚ್ಚಿಕೊಂಡು ಬರೀ ಮಾತಾಡುತ್ತಾರೆ ಎಂಬುದು ಅವರ ದೂರು.

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡ ಹುಚ್ಚು ಅದು. ಶಿರಾದ ಬಸ್‌ಸ್ಟ್ಯಾಂಡಿನ ಪಕ್ಕ ತಳ್ಳುಗಾಡಿಯಲ್ಲಿ ಸೀಡಿ ಮಾರುವ ಒಬ್ಬ ಭಾಯ್ ಇದ್ದರು. ಅಪ್ಪನನ್ನು ದೂರದಲ್ಲಿ ಕಂಡ ಕೂಡಲೇ ಕೂಗುತ್ತಿದ್ದರು. "ಆವೋ ಸಾರ್, ಪುರಾನಾ ಇಂಗ್ಲಿಷ್ ಬಂದೈತೆ. ನಿಮ್ಗೇ ಅಂತ ಎತ್ತಿಟ್ಟಿದೀನಿ. ನೀವ್ ತಗಳ್ದಿದ್ರೆ ಇದ್ನ ಕಾಗೆ ಓಡ್ಸಕ್ಕೆ ಹೊಲ್ದಲ್ಲಿ ಕಟ್ಬೇಕಷ್ಟೆ." ಒಂದೊಂದು ಡಿಸ್ಕಿನಲ್ಲಿ ನಾಲ್ಕು ಸಿನಿಮಾ.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ತುಮಕೂರಿಗೆ ಹೋಗಿದ್ದ ಅಪ್ಪ, ಹಿಂತಿರುಗಿದ ಮೇಲೂ ಆ ಗುಂಗಿನಿಂದ ಹೊರಗೆ ಬರಲಿಲ್ಲ. ಪ್ರತಿ ಸಿನಿಮಾಕ್ಕೂ ನೂರಕ್ಕೆ ಮಾರ್ಕು ಹಾಕಬೇಕು ಎಂದ. ಕಥೆಗೆ ನಲವತ್ತು, ನಟನೆಗೆ ಮೂವತ್ತು, ಭಾಷೆಗೆ ಇಪ್ಪತ್ತು, ಸಂಗೀತಕ್ಕೆ ಹತ್ತು. ಮೂವತ್ತೈದು ಬಂದರೆ ಪಾಸು. ಅಮ್ಮನಿಗೆ ಇದೆಲ್ಲ ಬೇಡ, ಅವಳು ಒಟ್ಟು ಮಾರ್ಕು ಹೇಳಿದರೆ ಸಾಕು. ನಾನು ಬರೆದುಕೊಳ್ಳುವವಳು. ಅಮ್ಮನದನ್ನು ಪೆನ್ಸಿಲ್ಲಿನಲ್ಲಿ ಬರಿ ಎಂದವನು ಅಪ್ಪ.

"ಯಾಕಪ್ಪ?"

"ನಾನು ಸಿನಿಮಾ ಬಿಡಿಸಿ ಹೇಳಿದ ಮೇಲೆ ನಿಮ್ಮಮ್ಮ ಬದಲಾಯಿಸ್ತಾಳೆ ಕಣೇ. ಆಗ ಪೇಜು ಗಲೀಜಾಗಬಾರದು."

ಆಗ ನನಗೆ ಇದು ಬಹಳ ಸರಿಯಾದ ಏರ್ಪಾಡು ಅನ್ನಿಸಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ಪಾವಗಡದ ಕಡೆಯ ಹಳ್ಳಿಯವಳು. ಬೇಸಿಗೆಗೆ ಅಜ್ಜಿಮನೆಯಿಂದ ಮೂಟೆಗಟ್ಟಲೆ ಹುಣಸೆಹಣ್ಣು ಬರುತ್ತಿತ್ತು. ನಡುಮನೆಯ ಹೊಸ್ತಿಲ ಬಳಿ ಕೂತು, ಒಂದು ಗುಂಡುಕಲ್ಲಿನಿಂದ ಹಣ್ಣು ಜಜ್ಜಿ ಬೀಜ ಬಿಡಿಸುತ್ತ ಅವಳು ಸಿನಿಮಾ ನೋಡುತ್ತಿದ್ದಳು. ಮನೆಯೆಲ್ಲ ಹುಣಸೆಯ ಹುಳಿಸಿಹಿ ವಾಸನೆ, ಅದರ ಜೊತೆಗೆ ಹುರಿದ ಕಡ್ಲೆಕಾಯಿಯದು. ನಾನು ಒಳ್ಳೆಯ ಬೀಜಗಳನ್ನು ಆರಿಸಿ, ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿ, ಚೌಕಾಬಾರಕ್ಕೆ ಎತ್ತಿಡುತ್ತಿದ್ದೆ. ಟಕ್, ಟಕ್ ಎಂದು ಅಮ್ಮನ ಕಲ್ಲು ನಡೆಯುತ್ತಿತ್ತು. ಸಿನಿಮಾದಲ್ಲಿ ಏನಾದರೂ ನಿಜವಾದದ್ದು ನಡೆದಾಗ ಮಾತ್ರ ಕಲ್ಲು ನಿಲ್ಲುತ್ತಿತ್ತು. ಸದ್ದು ಎಷ್ಟು ಸಲ ನಿಂತಿತು ಎಂದು ಲೆಕ್ಕ ಇಟ್ಟರೆ ಅಮ್ಮ ಎಷ್ಟು ಮಾರ್ಕು ಕೊಡುತ್ತಾಳೆಂದು ಮೊದಲೇ ಹೇಳಬಹುದಿತ್ತು.

ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅಷ್ಟು ಬೇಗ ಓದಲು ಅವಳಿಗೆ ಆಗುತ್ತಿರಲಿಲ್ಲ. ಅಪ್ಪ ಕನ್ನಡದಲ್ಲಿ ಹೇಳಲು ಶುರು ಮಾಡಿದರೆ ಕೈ ಎತ್ತುತ್ತಿದ್ದಳು. "ನೀವು ಸುಮ್ನಿರಿ ಅತ್ತ. ನಂಗೆ ಮಖ ಕಾಣ್ತೈತೆ, ಸಾಕು." ಅವಳ ತಪಾಸಣೆ ಅಪ್ಪನದಕ್ಕಿಂತ ಕಠಿಣ. "ಆ ಹೆಂಗ್ಸಿನ ಅಡ್ಗೆಮನೆ ನೋಡಿದ್ರಾ? ಮೂರ್ ದಿನ ಆಯ್ತು, ಒಲೆ ಮ್ಯಾಲೆ ಒಂದ್ ಪಾತ್ರೆ ಇಲ್ಲ. ಆದ್ರೂ ಮನೆ ಮಂದಿಯೆಲ್ಲ ಉಂಡು ತೇಗ್ತಾವ್ರೆ. ಸುಳ್ಳು. ಹತ್ ಮಾರ್ಕ್ ಕಿತ್ತಾಕು." ಅರ್ಧದಲ್ಲಿ ಕರೆಂಟು ಹೋದರೆ ಮುಂದಿನ ಕಥೆಯನ್ನು ಅವಳೇ ಹೇಳಿಬಿಡುತ್ತಿದ್ದಳು. "ಆ ತಮ್ಮನೇ ಕೊಲೆ ಮಾಡಿರೋದು. ಅಣ್ಣನ ಕೋಟು ಹಾಕ್ಕಂಡಾಗ ತೋಳು ಎಷ್ಟುದ್ದ ಐತೆ ಅಂತ ನೋಡಿ ನಕ್ಕ ನೋಡು, ಆವಾಗ್ಲೇ ಅಂದ್ಕಂಡೆ." ಕರೆಂಟು ಬಂದ ಮೇಲೆ ಅದೇ ಆಗುತ್ತಿತ್ತು. ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು, "ಕಥೆ ಮುಖ್ಯ ಅಲ್ಲ, ಕಟ್ಟಿದ ರೀತಿ ಮುಖ್ಯ" ಎನ್ನುತ್ತಿದ್ದ.

ಆಮೇಲೆ ಅರ್ಧ ಗಂಟೆ ಅಪ್ಪನ ಪಾಠ. ಕೇಳಿ ಕೇಳಿ ಸುಸ್ತಾದ ಅಮ್ಮ, "ಆಯ್ತು ಬುಡಿ, ಇನ್ನೊಂದೈದು ಹಾಕ್ಕಳಿ" ಎಂದರೆ ನಾನು ರಬ್ಬರು ತೆಗೆದುಕೊಳ್ಳುತ್ತಿದ್ದೆ.

ಅಪ್ಪನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲು. ಬಂದದ್ದು ಮೂವತ್ನಾಲ್ಕು. ಪಾಸಿಗೆ ಒಂದೇ ಒಂದು ಮಾರ್ಕು ಕಮ್ಮಿ. ಮುಂದಿನ ಬೇಸಿಗೆಗೆ ಮದುವೆಯಾಯಿತು. ಮೇಷ್ಟ್ರ ಹೆಂಡತಿಗೆ ಪರೀಕ್ಷೆ ಯಾಕೆ ಎಂದು ಎರಡೂ ಕಡೆಯವರು ಅಂದರು. ಇಷ್ಟು ಅಪ್ಪನಿಗೂ ಗೊತ್ತಿತ್ತು. ಗೊತ್ತಿಲ್ಲದ್ದು, ಅವಳು ಆ ಜೂನ್ ತಿಂಗಳ ಪರೀಕ್ಷೆಗೆ ಕೂರಲು ತಯಾರಾಗುತ್ತಿದ್ದಾಳೆ ಎಂಬುದು. ನೋಟ್‌ಬುಕ್ಕಿನಲ್ಲಿ ಅಪ್ಪ ತಿರುವಿ ನೋಡದ ಕೊನೆಯ ಪುಟಗಳಲ್ಲಿ, ಸಿನಿಮಾದಲ್ಲಿ ಕೇಳಿದ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು. ಅವುಗಳಿಗೆ ಸ್ಪೆಲ್ಲಿಂಗ್ ಹೇಳಿಕೊಡುವುದು ನನ್ನ ಕೆಲಸ. ನೀಲಿ ಸೀರೆಯುಟ್ಟು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಿ, ಹಳೆಯ ಮಾರ್ಕ್ಸ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಳು. ಅರ್ಜಿ ತುಂಬಲು ಅವಳು ಓದಿದ ಶಾಲೆಗೇ ಹೋಗಬೇಕಿತ್ತು. ಸೋಮವಾರ ಬೆಳಿಗ್ಗೆ ಏಳೂವರೆಯ ಪಾವಗಡದ ಬಸ್ಸಿಗೆ ನಾನೂ ಅವಳೂ ಹೊರಡುವುದೆಂದು ಮಾತಾಗಿತ್ತು. ಅಪ್ಪನಿಗೆ ಅಜ್ಜಿಮನೆ ಎಂದು ಹೇಳಿದ್ದಾಗಿತ್ತು.

"ಇಷ್ಟೊಂದ್ ಪಿಚ್ಚರ್ ಅರ್ಥ ಆಗ್ತವೆ ಅಂದ್ಮ್ಯಾಲೆ ಒಂದ್ ಪೇಪರ್ ಬರಿಯಕ್ಕಾಗಲ್ವಾ ಪುಟ್ಟಿ?" ಎಂದಿದ್ದಳು ಒಂದು ದಿನ, ಬೀಜ ಬಿಡಿಸುತ್ತ. "ಪಾಸಾದ್ಮ್ಯಾಲೆ ನಿಮ್ಮಪ್ಪನ ಮುಂದೆ ಹಿಡೀತೀನಿ. ಅಲ್ಲೀಗಂಟ ಬಾಯ್ ಬುಟ್ಟೀಯ, ಜೋಕೆ."

ಆ ಸೋಮವಾರದ ಹಿಂದಿನ ಭಾನುವಾರ ಅಪ್ಪ ಇಬ್ಬರು ಸಹೋದ್ಯೋಗಿಗಳನ್ನು ಸಿನಿಮಾಕ್ಕೆ ಕರೆದಿದ್ದ. ಒಬ್ಬರು ಕೊರಟಗೆರೆಯಿಂದ ಬಂದ ಗಣಿತದ ಮೇಷ್ಟ್ರು, ಇನ್ನೊಬ್ಬರು ನಮ್ಮ ಬೀದಿಯಲ್ಲೇ ಇದ್ದ ಡ್ರಿಲ್ ಮಾಸ್ಟರು. ಅಪ್ಪ ಕಾಲೇಜಿನಲ್ಲಿದ್ದಾಗ ನೋಡಿ, ಹದಿನೈದು ವರ್ಷ ಹುಡುಕಿದ ಸಿನಿಮಾ ಕಡೆಗೂ ಶಿರಾದ ಭಾಯ್ ಹತ್ತಿರ ಸಿಕ್ಕಿತ್ತು. ಶುರುವಾಗುವ ಮೊದಲೇ ಅಪ್ಪ ಕೆಂಪು ಪೆನ್ನಿನಲ್ಲಿ ತೊಂಬತ್ತೈದು ಬರೆದಾಗಿತ್ತು.

ಕಥೆ ದೊಡ್ಡದಲ್ಲ. ಪಿಯಾನೋ ನುಡಿಸುವ ಒಬ್ಬಳು ಹೆಂಡತಿ. ಅವಳ ಗಂಡ ಊಟಕ್ಕೆ ಬಂದ ಅತಿಥಿಗಳ ಮುಂದೆ ಅವಳ ಕೆನ್ನೆಗೆ ಹೊಡೆಯುತ್ತಾನೆ. ಅವಳು ಮನೆ ಬಿಟ್ಟು ಹೊರಡುತ್ತಾಳೆ. ಕೊನೆಗೆ ರೈಲ್ವೆ ಸ್ಟೇಷನ್ನಿನ ಹೊಗೆಯಲ್ಲಿ ಅವನನ್ನು ಕಂಡವಳೇ ಓಡಿಬಂದು ಅವನ ಕೋಟಿಗೆ ಮುಖ ಒತ್ತುತ್ತಾಳೆ. ಅವನು ಕ್ಷಮೆ ಕೇಳುವುದಿಲ್ಲ. ಪಿಟೀಲುಗಳು ಏರುತ್ತವೆ. ಮುಗಿಯಿತು. ಅಪ್ಪನ ಕಣ್ಣು ತುಂಬಿತ್ತು.

ಹೊಡೆದಾಗ ಅಮ್ಮನ ಕಲ್ಲು ನಿಂತದ್ದು ಮತ್ತೆ ಶುರುವಾಗಿರಲಿಲ್ಲ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ಛೀ, ವೀಡೂ ಒಕ ಮೊಗುಡೇನಾ! ಇವನೂ ಒಬ್ಬ ಗಂಡನಾ!"

"ಎಷ್ಟು ಹಾಕ್ತೀರಿ ಅಮ್ಮಾವ್ರೆ?" ಎಂದರು ಗಣಿತದ ಮೇಷ್ಟ್ರು, ನಗುತ್ತ.

"ಮೂವತ್ನಾಲ್ಕು."

"ಅಯ್ಯೋ, ಒಂದ್ ಮಾರ್ಕಲ್ಲಿ ಹೊಡೆದಾಕಿದ್ರಲ್ಲ! ಪಾಪ."

"ಅವ್ಳು ಓಡ್ ಬಂದ್ಲಲ್ಲ ಮೇಷ್ಟ್ರೇ, ಆ ಒಂದ್ ಮಾರ್ಕ್ ಕಿತ್ತಿದ್ದು ಅದಕ್ಕೆ. ರೈಲು ಹತ್ತಿದ್ರೆ ನೂರಕ್ಕೆ ನೂರು ಕೊಡ್ತಿದ್ದೆ."

ಎಷ್ಟು ಒಳ್ಳೆಯ ಮಾತು ಅದು! ಮುಂದೆ ವಿಶ್ವವಿದ್ಯಾಲಯದಲ್ಲಿ ಸಿನಿಮಾದ ಬಗ್ಗೆ ದಪ್ಪ ಪುಸ್ತಕ ಬರೆದವರ ಭಾಷಣಗಳನ್ನೆಲ್ಲ ಕೇಳಿದ್ದೇನೆ. ಇಷ್ಟು ಚೊಕ್ಕವಾಗಿ ಹೇಳಿದವರು ಒಬ್ಬರೂ ಇಲ್ಲ. ಅಪ್ಪನಿಗೂ ಅದು ತಟ್ಟಿತು ಎಂದೇ ನನ್ನ ಅನುಮಾನ. ತಟ್ಟಿದ್ದರಿಂದಲೇ ಅವನು ಆ ಮಾತಾಡಿದ.

"ಅದೇನಿಲ್ಲ ಸಾರ್, ಮೂವತ್ನಾಲ್ಕು ಅಂದ್ರೆ ಇವಳಿಗೆ ಬಲು ಪ್ರೀತಿ. ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ಇವಳ ಸ್ಕೋರೂ ಅಷ್ಟೇ. ಅಲ್ಲಿಂದ ಮುಂದಕ್ಕೆ ಎಣಿಸೋಕೆ ಬರಲ್ಲ."

ಡ್ರಿಲ್ ಮಾಸ್ಟರು ತೊಡೆ ತಟ್ಟಿ ನಕ್ಕರು. ಗಣಿತದ ಮೇಷ್ಟ್ರು, "ಹೆಂಡ್ತಿ ಇಂಗ್ಲಿಷಲ್ಲಿ ಫೇಲು, ಗಂಡ ಇಂಗ್ಲಿಷ್ ಮೇಷ್ಟ್ರು! ಮನೇಲೇ ಟ್ಯೂಷನ್ ಕೊಡಬಾರದೇನ್ರಿ?" ಎಂದರು. ಅಪ್ಪನೂ ನಕ್ಕ.

ನಾನೂ ನಕ್ಕೆ.

ಜೋರಾಗಿಯೇ ನಕ್ಕೆ. ದೊಡ್ಡವರ ನಡುವೆ ನೋಟ್‌ಬುಕ್ಕು ಹಿಡಿದು ಕೂತಿದ್ದೆ, ಅವರೆಲ್ಲ ನಗುತ್ತಿದ್ದರು, ನಾನೂ ಅವರಲ್ಲೊಬ್ಬಳಾಗಬೇಕಿತ್ತು. ಅಮ್ಮ ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. ಆಮೇಲೆ ಮಜ್ಜಿಗೆಯ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ಎದ್ದಳು.

"ಮೇಷ್ಟ್ರಿಗೆ ಬೇಜಾರಾಗೋದು ಬೇಡ. ಪುಟ್ಟಿ, ಒಂದು ಮಾರ್ಕು ಗ್ರೇಸ್ ಹಾಕು, ಪಾಸ್ ಮಾಡು" ಎಂದ ಅಪ್ಪ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಳು. "ಸಿನಿಮಾಕ್ಕೆ ಗ್ರೇಸ್ ಕೊಡ್ತೀರ" ಎಂದಳು. ಅವಳ ದನಿ ಏರಲಿಲ್ಲ. "ನಂಗ್ಯಾರೂ ಕೊಡ್ಲಿಲ್ಲ." ಒಳಗೆ ಹೋದಳು.

ನಾನು ಏನು ಮಾಡಿದೆ? ರಬ್ಬರು ತೆಗೆದುಕೊಂಡು ನಾಲ್ಕನ್ನು ಅಳಿಸಿ ಐದು ಮಾಡಿದೆ.

ಅಪ್ಪ ಕೆಟ್ಟ ಮನುಷ್ಯನಲ್ಲ. ಈ ವಾಕ್ಯವನ್ನು ನನ್ನ ಬಾಯಿಂದ ಎಷ್ಟೋ ಜನ ಹೇಳಿಸಿದ್ದಾರೆ. ಅವನು ಯಾವತ್ತೂ ಅಮ್ಮನ ಮೇಲೆ ಕೈ ಮಾಡಿದವನಲ್ಲ, ಸಂಬಳ ಮುಚ್ಚಿಟ್ಟವನಲ್ಲ, ನನ್ನನ್ನು ಎಂ.ಎ.ವರೆಗೆ ಓದಿಸಿದವನು. ಎಲ್ಲ ಸರಿ. ಆದರೆ ಆ ಮಧ್ಯಾಹ್ನ ಅವನು ನಾಲ್ಕು ಜನರ ಮುಂದೆ ಹೊಡೆದ. ತೊಂಬತ್ತೈದು ಕೊಟ್ಟ ಸಿನಿಮಾದಲ್ಲಿ ಆ ಗಂಡ ಹೊಡೆದ ಹಾಗೆಯೇ, ಅತಿಥಿಗಳ ಎದುರಿಗೆ. ಇದು ಅವನಿಗೆ ಹೊಳೆಯಲೇ ಇಲ್ಲ. ಇವತ್ತಿಗೂ ಹೊಳೆದಿಲ್ಲ. ಹೋದ ದೀಪಾವಳಿಗೆ ನಾನು ಈ ಮಾತು ಎತ್ತಿದಾಗ, "ತಮಾಷೆಗೆ ಅಂದಿದ್ದನ್ನ ಇನ್ನೂ ಹಿಡ್ಕೊಂಡಿದ್ದೀಯಲ್ಲೇ!" ಎಂದು ನಕ್ಕ. ಅವನಿಗೆ ನೆನಪಿರುವುದು ಸಿನಿಮಾ ಮಾತ್ರ. ಆ ಪಿಟೀಲಿನ ಸಂಗೀತವನ್ನು ಗುನುಗಿ ತೋರಿಸಿದ.

ಅಮ್ಮ ಪರೀಕ್ಷೆಗೆ ಕೂರಲಿಲ್ಲ. ಫೋಟೊಗಳು ಟ್ರಂಕಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಆ ಭಾನುವಾರ ಕಳೆದದ್ದೇ ಅವಳು ಹುಣಸೆಹಣ್ಣಿನ ಬುಟ್ಟಿಯನ್ನು ಹಿತ್ತಿಲಿಗೆ ಒಯ್ದಳು. ಸಿನಿಮಾಕ್ಕೆ ಕರೆದರೆ, "ನೀವ್ ನೋಡ್ಕಳಿ" ಎಂದಳು. ಈಗ ನನ್ನ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಹಳೆಯ ಸಿನಿಮಾಗಳೂ ಇವೆ, ಅಕ್ಷರಗಳೂ ಬೇಕಾದ ಭಾಷೆಯಲ್ಲಿ ಬರುತ್ತವೆ, ಕರೆಂಟು ಹೋದರೂ ಓಡುತ್ತವೆ. ಊರಿಗೆ ಹೋದಾಗ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತೇನೆ. "ಹೆಂಗಿತ್ತಮ್ಮ?" ಎಂದು ಕೇಳುತ್ತೇನೆ. "ಚೆನ್ನಾಗೈತೆ." ಎಲ್ಲಕ್ಕೂ ಅದೇ ಉತ್ತರ. ಒಳ್ಳೆಯದಕ್ಕೂ, ಬರೀ ಸುಳ್ಳಿಗೂ. ಖಾಲಿ ಒಲೆಯನ್ನು ಕಂಡುಹಿಡಿಯುತ್ತಿದ್ದವಳು, ಕೋಟಿನ ತೋಳು ನೋಡಿ ಕೊಲೆಗಾರನನ್ನು ಹಿಡಿಯುತ್ತಿದ್ದವಳು, ಈಗ ಯಾವುದನ್ನೂ ಫೇಲ್ ಮಾಡುವುದಿಲ್ಲ. ನಾವು ಅವಳಿಂದ ಕಿತ್ತುಕೊಂಡದ್ದು ಒಂದು ಪರೀಕ್ಷೆಯನ್ನು ಮಾತ್ರವಲ್ಲ.

ನಾವೆಲ್ಲ ನಕ್ಕ ಮರುದಿನ, ಆ ಸೋಮವಾರ, ನಾನೇ ಜಡೆ ಹೆಣೆದುಕೊಂಡು, ಊರಿಗೆ ಹೋಗುವ ಫ್ರಾಕು ಹಾಕಿಕೊಂಡು ಜಗಲಿಯ ಮೇಲೆ ಕೂತೆ. ಏಳೂವರೆಗೆ ಪಾವಗಡದ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಹಿತ್ತಿಲಿನಿಂದ ಟಕ್, ಟಕ್ ಎಂದು ಕಲ್ಲಿನ ಸದ್ದು ಬರುತ್ತಲೇ ಇತ್ತು. ಬಸ್ಸು ಹೋಯಿತು. ನಾನು ಒಳಗೆ ಬಂದು, ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿಯ ಜೇಬಿನಿಂದ ಕೆಂಪು ಪೆನ್ನು ತೆಗೆದೆ. ನೋಟ್‌ಬುಕ್ಕು ಬಿಚ್ಚಿ, ಮೂವತ್ತೈದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂವತ್ನಾಲ್ಕು ಎಂದು ಒತ್ತಿ ಬರೆದೆ. ಸವೆದ ಕಾಗದ, ಶಾಯಿ ಹಿಂಬದಿಗೂ ಇಳಿಯಿತು. ಆಮೇಲೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ಅಮ್ಮನ ಎದುರಿಗೇ ಅದನ್ನು ಹುಣಸೆ ಬೀಜದ ರಾಶಿಯೊಳಗೆ ತುರುಕಿದೆ. ಕಲ್ಲು ನಿಂತಿತು.

"ಪುಟ್ಟೀ, ನನ್ನ ಕೆಂಪು ಪೆನ್ನು ನೋಡಿದ್ಯೇನೇ?" ಒಳಗಿನಿಂದ ಅಪ್ಪ ಕೂಗಿದ.

"ಇಲ್ಲಪ್ಪ, ನೋಡಿಲ್ಲ" ಎಂದೆ, ಅಮ್ಮನ ಮುಖವನ್ನೇ ನೋಡುತ್ತ.