ಎಡಗೈಯಲ್ಲಿ ಮಜ್ಜಿಗೆ ಲೋಟ

ಮೊನ್ನೆ ಅಟ್ಟದ ಮೇಲಿಂದ ಒಂದು ವಾಸನೆ ಇಳಿದು ಬಂತು. ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವರಿಗೆ ಅದು ವಾಸನೆಯೇ ಅಲ್ಲ, ಹವಾಮಾನ. ರೇಷ್ಮೆಗೂಡು ಬೇಯಿಸುವ ಬೀದಿಗಳಲ್ಲಿ ಸದಾ ತೇಲುವ, ಹೊರಗಿನವರು ಕರ್ಚೀಫು ಹುಡುಕುವಂತೆ ಮಾಡುವ, ಸತ್ತ ಹುಳುವಿನ ಹಸಿ ವಾಸನೆ. ಆದರೆ ನಮ್ಮ ಅಟ್ಟದಲ್ಲಿ ಗೂಡಿಗೇನು ಕೆಲಸ? ಏಣಿ ಹಾಕಿ ಹತ್ತಿದೆ. ಮಳೆಗೆ ಗೋಡೆ ನೆನೆದು ಮೂಲೆಯ ಟ್ರಂಕಿಗೆ ನೀರಿಳಿದಿತ್ತು. ಅದರೊಳಗೆ ಎರಡು ಮಂಗನ ಟೋಪಿಗಳ ಕೆಳಗೆ ಒಂದು ಜೊತೆ ಕೈಗವಸು, ಒಂದೊಂದೂ ಪುಟ್ಟ ದಿಂಬಿನಷ್ಟು ದಪ್ಪ. ಮೂಗಿನ ಹತ್ತಿರ ಹಿಡಿದವನು ಏಣಿಯ ಮೇಲೇ ನಿಂತು ನಕ್ಕುಬಿಟ್ಟೆ.

"ಏನ್ರೀ ಸಿಕ್ತು? ನಿಧೀನಾ?" ಎಂದಳು ಕೆಳಗಿನಿಂದ ನನ್ನಾಕೆ.

ಕೈಗವಸನ್ನು ಕೆಳಗೆ ಬಿಟ್ಟೆ. ಅವಳೂ ಮೂಸಿದಳು. ಆಮೇಲೆ ಇಬ್ಬರೂ ಕಿಟಕಿಯಾಚೆ ಎದುರುಮನೆಯ ಕಡೆ ನೋಡಿದೆವು...

ಎದುರುಮನೆಯಲ್ಲಿದ್ದವರು ಟೀಚರಮ್ಮ. ಹೈಸ್ಕೂಲಿನಲ್ಲಿ ಹಿಂದಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಸ್ಕೂಟರ್ ಓಡಿಸಿದ ಮೊದಲ ಹೆಂಗಸು ಎಂಬ ಖ್ಯಾತಿಯೂ ಅವರದೇ. ಕಾಲ ಕಳೆದಂತೆ ಮಂಡಿ ಕೈಕೊಟ್ಟಿತು. ಮಂಡಿ ಕೈ ಕೊಡುವುದು ಹೇಗೆ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಚಿಕ್ಕಬಳ್ಳಾಪುರದ ಮೂಳೆ ಡಾಕ್ಟರು ಮೆಟ್ಟಿಲು ಬೇಡ, ನೆಲ ಬೇಡ, ಸ್ಕೂಟರಂತೂ ಬೇಡವೇ ಬೇಡ ಎಂದು ತೀರ್ಪಿತ್ತಿದ್ದರು. ಅಂದಿನಿಂದ ಸ್ಕೂಟರು ಪೋರ್ಟಿಕೋದಲ್ಲಿ ಗೋಣಿತಾಟು ಹೊದ್ದು ತಪಸ್ಸಿಗೆ ಕೂತಿತ್ತು.

ನಾನು ಆಗಷ್ಟೇ ಕಚೇರಿ ಸೂಪರಿಂಟೆಂಡೆಂಟ್ ಹುದ್ದೆಯಿಂದ ನಿವೃತ್ತನಾಗಿದ್ದೆ. ಕಡತಗಳು ಹೋದ ಮೇಲೆ ನನ್ನ ಸುಪರ್ದಿಯಲ್ಲಿ ಉಳಿದದ್ದು ಹೊಟ್ಟೆಯೊಂದೇ. ಸದರಿ ಹೊಟ್ಟೆಯನ್ನು ಸೋಫಾದ ಮೇಲಿಟ್ಟುಕೊಂಡು ಕೂತಿದ್ದ ಒಂದು ಸಂಜೆ, ದಸರಾ ಕಳೆದ ಹೊಸತು, ಟೀಚರಮ್ಮ ಫೋನು ಹಿಡಿದುಕೊಂಡು ಬಂದರು. ಪರದೆಯ ಮೇಲೆ ಬೆಳ್ಳನೆಯ ಬೆಟ್ಟ. ಅದರ ಮೇಲೆ ಚಕ್ರವಿಲ್ಲದ ಗಾಡಿಯೊಂದು ಬುಸ್ಸೆಂದು ಹಿಮ ಹಾರಿಸುತ್ತ ಓಡುತ್ತಿತ್ತು.

"ನೋಡಿ ಸೂಪರಿಂಟೆಂಡೆಂಟ್ರೇ, ಸ್ನೋ ಸ್ಕೂಟರ್ ಅಂತೆ. ಮನಾಲೀಲಿ ಬಾಡಿಗೆಗೆ ಕೊಡ್ತಾರಂತೆ. ಸಂಕ್ರಾಂತಿ ಮುಗಿದ ಮೇಲೆ ಸೀಸನ್ನು. ನಾವು ಮೂವರೂ ಹೋಗಣ."

ಮಾವಿನ ಸೀಸನ್ನು, ದ್ರಾಕ್ಷಿ ಸೀಸನ್ನು, ಮದುವೆ ಸೀಸನ್ನು ಕಂಡಿದ್ದೆ. ಹಿಮದ ಸೀಸನ್ನು ನಮ್ಮ ಬೀದಿಗೆ ಬಂದದ್ದು ಅದೇ ಮೊದಲು.

ನನ್ನಾಕೆ ಅಡುಗೆಮನೆಯಿಂದಲೇ ಆಕ್ಷೇಪಣೆ ಸಲ್ಲಿಸಿದಳು. "ಅಲ್ಲಿ ಬಿದ್ರೆ ಇವ್ರನ್ನ ಯಾರ್ರಮ್ಮಾ ಎತ್ತೋದು? ಇಲ್ಲಿ ಸೋಫಾದಿಂದ್ಲೇ ನಾನು ಎತ್ತಬೇಕು."

"ಅದಕ್ಕೇ ಕಣಮ್ಮಾ, ಇವತ್ತಿಂದ್ಲೇ ತಯಾರಿ," ಎಂದರು ಟೀಚರಮ್ಮ.

ಅವರ ಆಸೆಗೆ ಹಳೆಯ ಬೇರೊಂದಿತ್ತು. ಹಿಂದಿ ಪುಸ್ತಕದಲ್ಲಿ ಹಿಮದ ಬಗ್ಗೆ ಒಂದು ಪಾಠವಿತ್ತಂತೆ. ವರ್ಷ ವರ್ಷವೂ ಅದನ್ನು ಓದಿಸಿ, ಅರ್ಥ ಹೇಳಿ, ಪ್ರಶ್ನೋತ್ತರ ಬರೆಸುತ್ತಿದ್ದರು. ಒಂದು ಸಲ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಮಿಸ್, ಹಿಮದ ಮೇಲೆ ನಡೆದ್ರೆ ಸದ್ದು ಬರುತ್ತಾ?" ಎಂದು ಕೇಳಿದನಂತೆ. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದರಂತೆ. ಅವನು ಕೂತ. ಪ್ರಶ್ನೆ ಮಾತ್ರ ಕೂರಲಿಲ್ಲ. "ನಾನು ಹೇಳಿಕೊಟ್ಟ ಪಾಠ, ನಂಗೇ ಗೊತ್ತಿಲ್ವಲ್ಲಪ್ಪಾ," ಎಂದು ನನ್ನ ಮುಂದೆ ಎಷ್ಟೋ ಸಲ ಹೇಳಿದ್ದರು. ಮಂಡಿ ಪೂರ್ತಿ ಮುಷ್ಕರ ಹೂಡುವುದರೊಳಗೆ ಹೋಗಬೇಕು. ಆಮೇಲೆ ಹೋದರೆ ಗಾಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ನೋಡಬೇಕಾದೀತು. ಅದು ಮಾತ್ರ ಅವರಿಗೆ ಬೇಡವಾಗಿತ್ತು.

ತಯಾರಿ ಆರಂಭವಾಯಿತು. ಬೆಳಗಿನ ಮಂಜಿನಲ್ಲಿ ಮೇಲೂರು ರಸ್ತೆಯಲ್ಲಿ ನಡಿಗೆ. ಹಿಪ್ಪುನೇರಳೆ ತೋಟಕ್ಕೆ ಸೊಪ್ಪಿಗೆ ಹೊರಟವರು ಸೈಕಲ್ಲಿನಿಂದ ಇಳಿದು, "ಎಲ್ಲಿಗೆ ಸಾರ್ ಹೊರಟಿದ್ದು?" ಎಂದರೆ, "ಹಿಮಾಲಯಕ್ಕೆ," ಎಂದು ನಾನು ಸತ್ಯವನ್ನೇ ನುಡಿಯುತ್ತಿದ್ದೆ. ಮಧ್ಯಾಹ್ನ ತೋಳಿನ ವ್ಯಾಯಾಮ. ಅಂದರೆ ರಾಗಿ ಮುದ್ದೆ ತಿರುವುವುದು. ಆ ಭಾಗ್ಯವನ್ನು ನನ್ನಾಕೆ ನನಗೇ ವಹಿಸಿಕೊಟ್ಟಳು. ಮೊದಲ ವಾರದ ಮುದ್ದೆಗಳಲ್ಲಿ ಗಂಟಿನ ಸಂಖ್ಯೆ ಹಿಟ್ಟಿಗಿಂತ ಹೆಚ್ಚಿತ್ತು. "ತಿನ್ನಿ, ನೀವೇ ಕಟ್ಟಿದ ಬೆಟ್ಟ," ಎಂದು ಬಡಿಸಿದಳು.

ಸಂಜೆಯದೇ ಘೋರ ತಪಸ್ಸು. ಸ್ಕೂಟರ್ ಎಂದ ಮೇಲೆ ಸ್ಕೂಟರೇ. ಅದನ್ನು ಒದೆಯಬೇಕು, ಆಗ ಅದು ಹೊರಡಬೇಕು. ಇದು ನಮ್ಮ ಮೂವರ ಅಚಲ ನಂಬಿಕೆ. ಚಳಿ ದೇಶದಲ್ಲಿ ಎಂಜಿನ್ನು ಮರಗಟ್ಟಿರುತ್ತದೆ, ಇಲ್ಲಿಗಿಂತ ಹೆಚ್ಚೇ ಒದೆಯಬೇಕಾದೀತು ಎಂಬುದು ಟೀಚರಮ್ಮನ ಅಭಿಪ್ರಾಯ. ಹಾಗಾಗಿ ಗೋಣಿತಾಟು ಸರಿಸಿ, ಪೆಟ್ರೋಲೂ ಇಲ್ಲದ ಆ ಹಳೆಯ ಸ್ಕೂಟರಿನ ಕಿಕ್ಕನ್ನು ಮೂವರೂ ಸರದಿಯ ಮೇಲೆ ಒದೆಯುತ್ತಿದ್ದೆವು. ದಾರಿಯಲ್ಲಿ ಹೋಗುವವರೆಲ್ಲ ಕಾರ್ಬುರೇಟರ್ ಬಗ್ಗೆ ಸಲಹೆ ಕೊಡುತ್ತಿದ್ದರು. ಮೆಕ್ಯಾನಿಕ್ಕೊಬ್ಬ ಕನಿಕರದಿಂದ ಗೇಟಿನೊಳಗೇ ಬಂದುಬಿಟ್ಟ. "ಸ್ಟಾರ್ಟ್ ಆಗೋದು ಬೇಡಪ್ಪಾ, ಒದೀತಾ ಇರೋದು ಅಷ್ಟೇ," ಎಂದರು ಟೀಚರಮ್ಮ. ಆತ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಹೋದ.

ಚಳಿಯ ಅಭ್ಯಾಸಕ್ಕೆ ಚಿಂತಾಮಣಿ. ಅಲ್ಲಿ ಹುಣಸೆಹಣ್ಣು ಕೆಡದಂತೆ ಇಡುವ ದೊಡ್ಡ ಕೋಲ್ಡ್ ಸ್ಟೋರೇಜ್ ಒಂದರ ಮಾಲೀಕ ಬೇರೆ ಯಾರೂ ಅಲ್ಲ, ಸದ್ದಿನ ಪ್ರಶ್ನೆ ಕೇಳಿದ ಅದೇ ಹಿಂದಿನ ಬೆಂಚಿನ ಹುಡುಗ. ಈಗ ಮೀಸೆ ನರೆತ ಸಾಹುಕಾರ. ಆದರೂ ಟೀಚರಮ್ಮನನ್ನು ಕಂಡೊಡನೆ ಕೈಕಟ್ಟಿ ನಿಂತ. ಪ್ರತಿ ಭಾನುವಾರ ನಾವು ಸ್ವೆಟರು, ಮಂಗನ ಟೋಪಿ ಧರಿಸಿ ಹುಣಸೆ ಮೂಟೆಗಳ ನಡುವೆ ಕೂರುತ್ತಿದ್ದೆವು. ಮೈಯೆಲ್ಲ ಕೊರೆಯುವ ಚಳಿ, ಬಾಯಿ ತುಂಬ ನೀರು. ಮೂಟೆ ಹೊರುವವನೊಬ್ಬ ಪಕ್ಕದವನಿಗೆ ತೆಲುಗಿನಲ್ಲಿ, "ಪಾಪಂ, ಇಂಟ್ಲೋ ಫ್ಯಾನು ಲೇದೇಮೋ," ಎಂದ. ಪಾಪ, ಮನೇಲಿ ಫ್ಯಾನಿಲ್ಲವೇನೋ ಅಂತ. ಟೀಚರಮ್ಮ ನಕ್ಕ ನಗೆಗೆ ಬಾಯಿಂದ ಬಂದ ಹಬೆ ಈಗಲೂ ಕಣ್ಣ ಮುಂದಿದೆ...

ಕೈಗವಸು ಹೊಲಿದವರೂ ಅವರೇ. ಚಿಟ್ಟೆ ತೂತು ಮಾಡಿ ಹೊರಬಿದ್ದ ಗೂಡುಗಳನ್ನು ಪರಿಚಯದವರಿಂದ ತಂದು, ಬಿಡಿಸಿ, ಹತ್ತಿಯಂತೆ ಒಳಗೆ ತುಂಬಿದರು. ರೇಷ್ಮೆಯಷ್ಟು ಬೆಚ್ಚಗಿನದು ಲೋಕದಲ್ಲಿಲ್ಲ ಎಂದರು. ಸರಿಯಾಗಿ ಕುದಿಸಿ ತೊಳೆದಿದ್ದೀರಾ ಎಂದು ನಾವು ಕೇಳಬೇಕಿತ್ತು. ಕೇಳಲಿಲ್ಲ.

ಇವೆಲ್ಲದರ ಜೊತೆಗೆ ಇನ್ನೊಂದು ಅಭ್ಯಾಸವಿತ್ತು. ಅದು ಹಿಮಕ್ಕಲ್ಲ, ಮದುವೆಗೆ. ನಮ್ಮ ಕಡೆ ಮದುವೆ ಊಟದಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲ್ಲಿಗೆ ಹೋದ ದಿನವೇ ಮನುಷ್ಯ ಮುದುಕನಾದ ಹಾಗೆ. ಮಂಡಿ ಕೆಟ್ಟ ಮೇಲೆ ಟೀಚರಮ್ಮನನ್ನು ಎಲ್ಲರೂ ಟೇಬಲ್ಲಿಗೆ ಕೈಹಿಡಿದು ಕರೆದೊಯ್ಯುತ್ತಿದ್ದರು. ಆ ಮರ್ಯಾದೆ ಅವರಿಗೆ ಮೈ ಉರಿಸುತ್ತಿತ್ತು. ಆದ್ದರಿಂದ ನಮ್ಮ ಭಾನುವಾರದ ಊಟವೆಲ್ಲ ಅವರ ಮನೆಯ ನೆಲದ ಮೇಲೆ, ಎಲೆಯ ಮುಂದೆ. ಏಳುವಾಗ ಎಂಜಲು ಬಲಗೈ ನೆಲಕ್ಕೆ ಸೋಕಬಾರದು, ಅದು ಎಲ್ಲರ ಮನೆಯ ನಿಯಮ. ಎಡಗೈ ಊರಿ ಎಲ್ಲರೂ ಕಳ್ಳತನ ಮಾಡುತ್ತಾರೆ ಎಂದು ಅವರು ಎಡಗೈಗೆ ಮಜ್ಜಿಗೆ ತುಂಬಿದ ಲೋಟ ಕೊಟ್ಟರು. ಚೆಲ್ಲದೆ ಎದ್ದರೆ ಪಾಸು. ನನ್ನಾಕೆ ಮೊದಲ ದಿನವೇ ಪಾಸಾದಳು. ನಾನು ಪಾಸಾಗುವಷ್ಟರಲ್ಲಿ ಧನುರ್ಮಾಸ ಬಂದಿತ್ತು. ಟೀಚರಮ್ಮ ಮಾತ್ರ ಅರ್ಧಕ್ಕೆ ಎದ್ದು, ಮಂಡಿ ನಡುಗಿ, ಮತ್ತೆ ಕೂತುಬಿಡುತ್ತಿದ್ದರು. "ಫೇಲು," ಎಂದು ತಮಗೆ ತಾವೇ ಘೋಷಿಸಿ ನಗುತ್ತಿದ್ದರು. ರೈಲು ಹತ್ತುವ ಹಿಂದಿನ ದಿನವೂ ಫೇಲೇ. ಆ ದಿನ ನಗಲಿಲ್ಲ.

ಮನಾಲಿಯ ಮೇಲಿನ ಕಣಿವೆ ತಲುಪಿದಾಗ ಕಣ್ಣು ಬಿಡಲಾಗದಷ್ಟು ಬಿಳುಪು. ಬಾಡಿಗೆಯ ದಪ್ಪ ಅಂಗಿ, ಗಂಬೂಟು ತೊಟ್ಟ ನಾವು ಮೂವರೂ ಉಣ್ಣೆ ಹೊದಿಸಿದ ಹುಣಸೆ ಮೂಟೆಗಳಂತಿದ್ದೆವು. ಗಾಡಿಗಳು ಸಾಲಾಗಿ ನಿಂತಿದ್ದವು. ನನ್ನ ಎದೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಂತೆ ಹೊಡೆದುಕೊಳ್ಳುತ್ತಿತ್ತು. ಗಾಡಿಯವನೊಬ್ಬ ಟೀಚರಮ್ಮನನ್ನು ಮೇಲಿಂದ ಕೆಳಕ್ಕೆ ನೋಡಿ ಕೈಯಾಡಿಸಿದ. ಅವರು ತಮ್ಮ ಪಠ್ಯಪುಸ್ತಕದ ಹಿಂದಿಯಲ್ಲಿ ಕಾರಣ ವಿಚಾರಿಸಿದರು. ಆ ಹಿಂದಿಗೆ ಆತ ಹೆಡ್‌ಮಾಸ್ಟರ್ ಮುಂದೆ ನಿಂತವನಂತೆ ನೆಟ್ಟಗಾದ, ಆದರೆ ಬಗ್ಗಲಿಲ್ಲ.

"ಏನಂತಾನೆ?" ಎಂದೆ.

"ವಯಸ್ಸಾದೋರು ಬಿದ್ರೆ ಎತ್ತಕ್ಕಾಗಲ್ವಂತೆ. ಹಿಮದಲ್ಲಿ ಕೂತು ತಾವಾಗೇ ಎದ್ದು ತೋರಿಸಿದ್ರೆ ಗಾಡಿ. ಇಲ್ದಿದ್ರೆ..." ಎಂದು ಟೀಚರಮ್ಮ ಪಕ್ಕಕ್ಕೆ ನೋಡಿದರು. ಅಲ್ಲಿ ವಯಸ್ಸಾದವರಿಗೆಂದು ಪ್ಲಾಸ್ಟಿಕ್ ಕುರ್ಚಿಗಳ ಸಾಲಿತ್ತು.

ಮೊದಲು ನಾನು ಕೂತೆ. ಏಳಲೆಂದು ಕೈ ಊರಿದೆ. ಕೈ ಮೊಣಕೈವರೆಗೂ ಹಿಮದೊಳಗೆ ಇಳಿದು ನಾನು ಮಗ್ಗುಲಾದೆ. ಅಲ್ಲಿ ಕೈಗೆ ಬೆಲೆಯೇ ಇರಲಿಲ್ಲ. ಆಗ ಹೊಳೆಯಿತು. ಎಲೆಯ ಮುಂದೆ ಕೂತಂತೆ ಚಕ್ಕಂಬಟ್ಟೆ ಹಾಕಿ, ಕೈ ಎತ್ತಿ ಹಿಡಿದು, ಮುಂದಕ್ಕೆ ಬಾಗಿ ಎದ್ದೆ. ನನ್ನಾಕೆ ನನ್ನ ಹಿಂದೆಯೇ ಕೂತು, ಹೂ ಬಿಡಿಸಿ ಎದ್ದಷ್ಟು ಸಲೀಸಾಗಿ ಎದ್ದಳು.

ಟೀಚರಮ್ಮ ಕೂತರು. ಕೂತೇ ಇದ್ದರು. ತಮ್ಮ ದಪ್ಪ ಕೈಗವಸುಗಳನ್ನು ನೋಡಿಕೊಂಡರು. ನಾನು ಕುರ್ಚಿಗಳ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟೆ. ಆಮೇಲೆ ಅವರು ತಲೆಯೆತ್ತಿ, "ಸೂಪರಿಂಟೆಂಡೆಂಟ್ರೇ, ಆ ಅಂಗಡೀಲಿ ಒಂದು ಚಾ ತನ್ನಿ. ತುಂಬಾ ಇರಲಿ," ಎಂದರು.

ತಂದುಕೊಟ್ಟೆ. ಎಡಗೈಯಲ್ಲಿ ಹಿಡಿದರು. ಬಲಗೈಯನ್ನು ಎಂಜಲಾದಂತೆ ಗಾಳಿಯಲ್ಲಿ ಎತ್ತಿದರು. ಗಾಡಿಯವರೆಲ್ಲ ಸುತ್ತ ನೆರೆದರು. ಮಂಡಿ ನಡುಗಿತು, ಮಾಮೂಲಿನಂತೆ ಅರ್ಧಕ್ಕೆ ನಿಂತಿತು. "ಮೇಲೆ ನೋಡಿ ಟೀಚರಮ್ಮಾ, ಚಾ ನೋಡಬೇಡಿ!" ಎಂದು ನನ್ನಾಕೆ ಕಿರುಚಿದಳು. ಅವರು ಬೆಟ್ಟದ ತುದಿ ನೋಡಿದರು. ಎದ್ದರು. ನಿಂತರು. ಲೋಟದ ಅಂಚಿನಿಂದ ಚಾ ಒಂದಿಷ್ಟು ಇಳಿದು ಹಿಮದಲ್ಲಿ ಕಂದು ಚುಕ್ಕಿಯಾಯಿತು.

"ಸ್ವಲ್ಪ ಚೆಲ್ತು," ಎಂದರು ಏದುಸಿರಿನಲ್ಲಿ. "ಗ್ರೇಸ್ ಮಾರ್ಕ್ಸಲ್ಲಿ ಪಾಸು."

ಗಾಡಿಯೇರಿದವರೇ ಬಲಗಾಲಿನಿಂದ ಕಿಕ್ಕಿಗಾಗಿ ತಡಕಿದರು. ಅಲ್ಲೇನೂ ಇರಲಿಲ್ಲ. ಹಿಂದೆ ಕೂತ ಗಾಡಿಯವನು ಮುಂದಕ್ಕೆ ಕೈಚಾಚಿ ಕೀಲಿ ತಿರುಗಿಸಿದ, ಎಂಜಿನ್ನು ಗುರ್ರೆಂದಿತು. ವೇಗಕ್ಕೆ ಹೆಬ್ಬೆರಳಿನಿಂದ ಒತ್ತಬೇಕಂತೆ, ಅಷ್ಟೇ. "ಅಯ್ಯೋ, ಅಷ್ಟು ದಿನ ಒದ್ದಿದ್ದೆಲ್ಲಾ ದಂಡ ಆಯ್ತಲ್ರೋ!" ಎಂಬ ಅವರ ಕೂಗು ಇಳಿಜಾರಿನುದ್ದಕ್ಕೂ ಎಳೆದುಕೊಂಡು ಹೋಯಿತು. ಹಿಮದ ನೀರಿಗೆ ನೆನೆದ ಕೈಗವಸುಗಳು ಆ ವೇಳೆಗೆ ತಮ್ಮ ಹುಟ್ಟೂರನ್ನು ನೆನಪಿಸಿಕೊಂಡಿದ್ದವು. ಇಡೀ ಶಿಡ್ಲಘಟ್ಟವೇ ಆ ಕಣಿವೆಗೆ ಬಂದಿಳಿದಂತೆ ಘಮ್ಮೆಂದಿತು. ಜೂಲುಬಿದ್ದ ಬೆಟ್ಟದ ನಾಯಿಗಳು ಎದ್ದು ಮೈಕೊಡವಿ ಗಾಡಿಯ ಹಿಂದೆ ಓಡಿದವು. ಮುಂದೆ ಟೀಚರಮ್ಮ, ಹಿಂದೆ ನಾಯಿಗಳ ದಂಡು, ನಡುವೆ ಹಿಮದ ಧೂಳು. ಅಂಥ ಮೆರವಣಿಗೆ ಯಾವ ರಾಜನಿಗೂ ಸಿಕ್ಕಿರಲಾರದು.

ಇಳಿದ ಮೇಲೆ ಮಾಡಿದ ಮೊದಲ ಕೆಲಸ ಚಿಂತಾಮಣಿಗೆ ಫೋನು. "ಲೋ, ಎಲ್ಲಿದೀಯೋ? ಹುಣಸೆಹಣ್ಣಿನ ಮಧ್ಯದಲ್ಲಾ? ಕೇಳಿಸ್ಕೋ. ಹಿಮದ ಮೇಲೆ ನಡೆದ್ರೆ ಸದ್ದು ಬರುತ್ತೆ ಕಣೋ. ಗೂಡಿನ ಮೂಟೆ ಮೇಲೆ ಕೈ ಊರಿದ್ರೆ ಕಿರ್ ಅನ್ನಲ್ವಾ, ಹಂಗೇ." ನಂಬಿದನೋ ಇಲ್ಲವೋ ಎಂದು ಫೋನನ್ನು ಗಂಬೂಟಿನ ಬಳಿ ಬಗ್ಗಿ ಹಿಡಿದು, ಅತ್ತಿಂದಿತ್ತ ನಡೆದರು... ಆ ಕಡೆಯಿಂದ ಸಾಹುಕಾರ ಏನೆಂದನೋ ನಮಗೆ ಕೇಳಿಸಲಿಲ್ಲ. ಟೀಚರಮ್ಮ ಬಹಳ ಹೊತ್ತು ನಡೆಯುತ್ತಲೇ ಇದ್ದರು.

ಆಮೇಲಿನ ಮದುವೆಗಳಲ್ಲಿ ಅವರು ಟೇಬಲ್ಲಿನ ಕಡೆ ಕತ್ತೂ ಹೊರಳಿಸಲಿಲ್ಲ. ತಮ್ಮ ಕೈಗವಸನ್ನು ನಮ್ಮ ಟ್ರಂಕಿನಲ್ಲಿರಿಸಿ, ಮುಂದಿನ ಸೀಸನ್ನಿಗೆ ಇನ್ನೂ ಎತ್ತರದ ಕಣಿವೆ ಎಂದು ಲೆಕ್ಕ ಹಾಕುತ್ತಿದ್ದರು. ಆ ಸೀಸನ್ನು ಬಂತು. ಅವರಿರಲಿಲ್ಲ. ಒಂದು ಬೆಳಗ್ಗೆ ನಡಿಗೆಗೆ ಕರೆಯಲು ಹೋದರೆ ಬಾಗಿಲು ತೆರೆಯಲಿಲ್ಲ... ವೈಕುಂಠ ಸಮಾರಾಧನೆಯ ದಿನ ಅಡುಗೆಯವರು ಸಾಲಾಗಿ ಟೇಬಲ್ಲು ಹಾಕಿದ್ದರು. ಚಿಂತಾಮಣಿಯ ಸಾಹುಕಾರ ಬಂದವನೇ, "ಮಿಸ್ ಮನೇಲಿ ಟೇಬಲ್ಲಾ? ತೆಗೀರ್ರೋ," ಎಂದು ಒಂದೊಂದನ್ನೂ ತಾನೇ ಮಡಚಿಟ್ಟ. ನೆಲದ ಮೇಲೆ ಉಂಡು, ಎಡಗೈಯಲ್ಲಿ ಲೋಟ ಹಿಡಿದು ಅವನು ಏಳುವಾಗ ಮಜ್ಜಿಗೆಯೆಲ್ಲ ಪಂಚೆಯ ಮೇಲಾಯಿತು. ಅವನು ಒರೆಸಿಕೊಳ್ಳಲೂ ಇಲ್ಲ.

ಈಗ ಕೈಗವಸು ಬಿಸಿಲಿನಲ್ಲಿ ಒಣಗುತ್ತಿದೆ. ಬೀದಿನಾಯಿಯೊಂದು ಬೆಳಗಿನಿಂದ ಗೇಟು ಬಿಟ್ಟು ಕದಲಿಲ್ಲ. ನನ್ನಾಕೆ ಕೇಳಿದಳು, "ಏನ್ರೀ, ಈ ಸಂಕ್ರಾಂತಿ ಆದ್ಮೇಲೆ ಹೋಗಣ್ವಾ?" ನನ್ನ ಹೊಟ್ಟೆ ಹಳೆಯ ಗಡಿಗಳನ್ನು ಮರಳಿ ವಶಪಡಿಸಿಕೊಂಡಿದೆ. ಆದರೂ ಎದೆಯೊಳಗೆ ಮತ್ತದೇ ಫಲಿತಾಂಶದ ದಿನದ ಡವಡವ. ಮಧ್ಯಾಹ್ನ ಕುರ್ಚಿ ಸರಿಸಿ ಇಬ್ಬರೂ ನೆಲಕ್ಕೆ ಕೂತು ಉಂಡೆವು. ಲೋಟ ಹಿಡಿದು ನಾನು ಎದ್ದೆ. ಸೊಂಟ ಕಟಕಟ ಎಂದಿತು. ಮಜ್ಜಿಗೆ ಅಂಚಿನವರೆಗೂ ಬಂದು ಹಿಂದಿರುಗಿತು, ಚೆಲ್ಲಲಿಲ್ಲ.

"ಪಾಸಾ?" ಎಂದೆ.

ನನ್ನಾಕೆ ಬಾಯಿ ತೆರೆದಳು. ಕಿಟಕಿಯಾಚೆ ಎದುರುಮನೆಯ ಕಡೆ ನೋಡಿ ಎಲೆ ಎತ್ತಿಕೊಂಡಳು. ಸರಿಯೇ. ಪಾಸು ಎನ್ನುವ ಅಧಿಕಾರ ನಮ್ಮಿಬ್ಬರಿಗೂ ಇಲ್ಲ. ಸದರಿ ಹುದ್ದೆ ಖಾಲಿ ಬಿದ್ದಿದೆ. ಅದನ್ನು ಭರ್ತಿ ಮಾಡುವ ಉದ್ದೇಶವೂ ಇಲ್ಲ. ಫಲಿತಾಂಶ ತಿಳಿಯದೆಯೇ ನಿಂತುಕೊಂಡು ಮಜ್ಜಿಗೆ ಕುಡಿದೆ.